ಗಲ್ಲಾದಲ್ಲಿ ಕುಳಿತವನ ಸೊಂಟಕ್ಕೆ ಪಿಸ್ತೂಲೇಕೆ?

ಕಳೆದ ತಿಂಗಳು ವಿಕ್ರೋಳಿ ಪಶ್ಚಿಮದ ಹೋಟೆಲು ಬಂಧುಗಳೊಬ್ಬರು ರಾತ್ರಿ ಷಟರು ಎಳೆದ ಮೇಲೆ ನಮ್ಮಲ್ಲಿಗೆ ಬಂದಿದ್ದರು. ಊರಿನಿಂದ ಬರಿಗೈಯಲ್ಲಿ ಬಂದು, ಲೋಟ ತೊಳೆದು, ಟೇಬಲು ಒರೆಸಿ, ಕೊನೆಗೆ ಸ್ವಂತ ಗಲ್ಲಾದಲ್ಲಿ ಕುಳಿತ ಶ್ರಮಜೀವಿಗಳು. ಅಂದು ಅವರ ಮುಖದಲ್ಲಿ ಎಂದಿನ ನಗುವಿರಲಿಲ್ಲ. ಅಪರಿಚಿತನೊಬ್ಬನು ಎರಡು ಬಾರಿ ಫೋನು ಮಾಡಿ ಹಣಕ್ಕಾಗಿ ಬೆದರಿಸಿದ್ದನಂತೆ. "ಲೈಸೆನ್ಸು ಮಾಡಿಸಿ ಒಂದು ಪಿಸ್ತೂಲು ಕೊಂಡು, ನಾಲ್ಕು ಜನರಿಗೆ ಕಾಣುವ ಹಾಗೆ ಸೊಂಟಕ್ಕೆ ಕಟ್ಟಿಕೊಂಡು ಕುಳಿತರೆ ಯಾರು ಮಾರಾಯರೆ ಹತ್ತಿರ ಬರುವವರು? ನೀವು ಪೇಪರಿನವರು, ಕಾನೂನು ಏನು ಹೇಳುತ್ತದೆಂದು ತಿಳಿಸಿ" ಎಂದು ಕೇಳಿದರು.

ಈ ಪ್ರಶ್ನೆ ಅವರೊಬ್ಬರದೇ ಅಲ್ಲವೆಂದು ನಾವು ಬಲ್ಲೆವು. ಆದುದರಿಂದ ಅವರಿಗೆ ಅಂದು ಹೇಳಿದ ಉತ್ತರವನ್ನೇ ಇನ್ನಷ್ಟು ವಿವರವಾಗಿ ವಾಚಕರ ಮುಂದೆ ಇಡುತ್ತಿದ್ದೇವೆ.

ಅವರ ಭಯವನ್ನು ನಗೆಯಾಡುವಷ್ಟು ಮರೆವು ನಮಗಿಲ್ಲ. ಮುಂಬಯಿಯ ನಮ್ಮ ಹೋಟೆಲು ಉದ್ಯಮಿಗಳು ಕಳೆದ ಶತಮಾನದ ಕೊನೆಯ ಹತ್ತು ವರ್ಷಗಳಲ್ಲಿ ಅನುಭವಿಸಿದ ಹಿಂಸೆಯನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಟೆಲಿಫೋನಿನ ಗಂಟೆ ಬಾರಿಸಿದರೆ ಎದೆ ನಡುಗುತ್ತಿದ್ದ ಕಾಲವದು. 1997ರ ಆಗಸ್ಟ್ 12ರಂದು ಸಂಗೀತದ ಕ್ಯಾಸೆಟ್ಟುಗಳ ಉದ್ಯಮಿ ಗುಲ್ಶನ್ ಕುಮಾರರು ಅಂಧೇರಿಯಲ್ಲಿ ದೇವಸ್ಥಾನದಿಂದ ಹೊರಬರುತ್ತಿದ್ದಂತೆಯೇ ಹತರಾದರು. 2001ರ ಮೇ 4ರಂದು ಗಾಮ್‌ದೇವಿಯ ಗೋಲ್ಡನ್ ಕ್ರೌನ್ ಹೋಟೆಲಿನ ಒಡೆಯ ಜಯ ಶೆಟ್ಟರು ತಮ್ಮ ಹೋಟೆಲಿನ ಮೊದಲ ಮಾಳಿಗೆಯಲ್ಲಿಯೇ ಗುಂಡಿಗೆ ಬಲಿಯಾದರು. ಅವರಿಗೆ ಬೆದರಿಕೆ ಇದ್ದಿತು. ಪೊಲೀಸು ಕಾವಲೂ ಇದ್ದಿತು. ಆ ಕಾವಲನ್ನು ಹಿಂತೆಗೆದುಕೊಂಡ ಸುಮಾರು ಎರಡು ತಿಂಗಳಲ್ಲಿ ಕೊಲೆ ನಡೆಯಿತು. ಆ ಪ್ರಕರಣದಲ್ಲಿ ಛೋಟಾ ರಾಜನ್‌ನಿಗೆ ವಿಶೇಷ ನ್ಯಾಯಾಲಯವು ಜೀವಾವಧಿ ಶಿಕ್ಷೆಯನ್ನು ವಿಧಿಸಿದ್ದು 2024ರ ಮೇ 30ರಂದು, ಎಂದರೆ 23 ವರ್ಷಗಳ ಮೇಲೆ. ನ್ಯಾಯವು ಇಷ್ಟು ನಿಧಾನವಾಗಿ ನಡೆದುಬರುವಾಗ, ತನ್ನ ರಕ್ಷಣೆಯನ್ನು ತಾನೇ ನೋಡಿಕೊಳ್ಳುವೆನೆಂದು ಒಬ್ಬ ಗೃಹಸ್ಥನು ಯೋಚಿಸಿದರೆ ಅವನನ್ನು ದೂರುವುದು ಹೇಗೆ? ದೂರುವುದಿಲ್ಲ. ಆದರೆ ಅವನು ಆರಿಸಿದ ಉಪಾಯವು ಅವನನ್ನು ಕಾಯುವುದೇ ಎಂದು ಕೇಳುವುದು ನಮ್ಮ ಕರ್ತವ್ಯ.

ಮೊದಲು ಕಾನೂನಿನ ಮಾತು. ನಮ್ಮ ದೇಶದಲ್ಲಿ ಬಂದೂಕು ಇಟ್ಟುಕೊಳ್ಳುವುದು ಪ್ರಜೆಯ ಹುಟ್ಟುಹಕ್ಕಲ್ಲ. ಪರವಾನಗಿಯಿಂದ ದೊರೆಯುವ ಅನುಮತಿ ಮಾತ್ರ. 1959ರ ಆಯುಧ ಅಧಿನಿಯಮವು 1962ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಮುಂಬಯಿ ನಗರದಲ್ಲಿ ಪರವಾನಗಿ ಕೊಡುವ ಅಧಿಕಾರ ಪೊಲೀಸು ಕಮಿಷನರರದು. ಅರ್ಜಿದಾರನಿಗೆ 21 ವರ್ಷ ತುಂಬಿರಬೇಕು. ಸಮೀಪದ ಠಾಣೆಯಿಂದ ಅವನ ನಡತೆಯ ವರದಿ ಹೋಗಬೇಕು. ಇಲ್ಲೊಂದು ಸೂಕ್ಷ್ಮವಿದೆ. ನಳಿಗೆಯು 20 ಅಂಗುಲಕ್ಕೆ ಕಡಿಮೆಯಿಲ್ಲದ ಚರೆಕೋವಿಯನ್ನು ರಕ್ಷಣೆಗೆಂದು ಕೇಳುವವನ ವಿಷಯದಲ್ಲಿ ಅಧಿನಿಯಮವು ಸ್ವಲ್ಪ ಉದಾರವಾಗಿದೆ. ಪಿಸ್ತೂಲು, ರಿವಾಲ್ವರುಗಳನ್ನು ಕೇಳುವವನಾದರೋ ತಕ್ಕ ಕಾರಣವಿದೆಯೆಂದು ಅಧಿಕಾರಿಗೆ ಮನಗಾಣಿಸಬೇಕು. ಜೇಬಿನಲ್ಲಿ ಅಡಗುವ ಆಯುಧದಿಂದ ಆಗುವ ಕೇಡು ಹೆಚ್ಚೆಂದು ಶಾಸನಕಾರರು ಬಲ್ಲವರಾಗಿದ್ದರು. 2016ರ ಆಯುಧ ನಿಯಮಗಳು ಇದಕ್ಕೆ ತರಬೇತಿಯನ್ನೂ ವೈದ್ಯರ ಪ್ರಮಾಣಪತ್ರವನ್ನೂ ಭದ್ರವಾಗಿ ಇಡುವೆನೆಂಬ ಮುಚ್ಚಳಿಕೆಯನ್ನೂ ಸೇರಿಸಿದವು. 2019ರ ತಿದ್ದುಪಡಿಯ ಮೇಲೆ ಒಬ್ಬನು ಸಾಮಾನ್ಯವಾಗಿ ಇಟ್ಟುಕೊಳ್ಳಬಹುದಾದ ಬಂದೂಕುಗಳು ಮೂರರಿಂದ ಎರಡಕ್ಕೆ ಇಳಿದವು. ಪರವಾನಗಿಯ ಅವಧಿಯು ಮೂರು ವರ್ಷದಿಂದ ಐದಕ್ಕೆ ಏರಿತು. ಪರವಾನಗಿಯಿಲ್ಲದೆ ಇಟ್ಟುಕೊಂಡವನಿಗೆ ಎರಡರಿಂದ ಐದು ವರ್ಷಗಳ ಸೆರೆವಾಸ ಮತ್ತು ದಂಡ.

ಈಗ ನಮ್ಮ ಮಿತ್ರರು ಆಡಿದ "ಕಾಣುವ ಹಾಗೆ" ಎಂಬ ಮಾತಿಗೆ ಬರೋಣ. 2016ರ ನಿಯಮಗಳು ಇದಕ್ಕೆ ನೇರವಾಗಿ ಉತ್ತರ ಕೊಡುತ್ತವೆ. ಸಾರ್ವಜನಿಕ ಸ್ಥಳದಲ್ಲಿ ಕೈಕೋವಿಯನ್ನು ಒಯ್ಯುವವನು ಅದನ್ನು ತಕ್ಕ ಒರೆಯಲ್ಲಿಯೋ ಅಂತಹುದೇ ಚೀಲದಲ್ಲಿಯೋ ಇಟ್ಟಿರಬೇಕು. ಅದು ಸಂಪೂರ್ಣವಾಗಿ ಮುಚ್ಚಿರಬೇಕು. ಅದರ ಮೇಲೆ ಅವನ ಹತೋಟಿ ತಪ್ಪಿರಬಾರದು. ನಮ್ಮವರು ಕಾಣುವ ಹಾಗೆ ಎಂದರೆ ಕಾನೂನು ಕಾಣದ ಹಾಗೆ ಎನ್ನುತ್ತದೆ! ಮದುವೆ, ಮೆರವಣಿಗೆ, ಜಾತ್ರೆಗಳಲ್ಲಿ ಝಳಪಿಸುವುದಕ್ಕೂ ಹಾರಿಸುವುದಕ್ಕೂ ಅದೇ ನಿಯಮಗಳಲ್ಲಿ ನಿಷೇಧವಿದೆ. ಸಂಭ್ರಮಕ್ಕೆಂದು ಗುಂಡು ಹಾರಿಸಿ ಪರರ ಪ್ರಾಣಕ್ಕೆ ಅಪಾಯ ತಂದವನಿಗೆ 2019ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಸೆರೆ, ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಹೋಟೆಲು ನನ್ನ ಖಾಸಗಿ ಜಾಗ, ಅಲ್ಲಿ ನನ್ನಿಷ್ಟ, ಎನ್ನುವವರಿರಬಹುದು. ದಾರಿಹೋಕರೆಲ್ಲರನ್ನೂ ಒಳಗೆ ಕರೆದು ಚಹಾ ಮಾರುವವನು ಆ ವಾದವನ್ನು ನ್ಯಾಯಾಲಯದವರೆಗೆ ಒಯ್ಯುವುದು ಜಾಣತನವೆಂದು ನಮಗೆ ತೋರುವುದಿಲ್ಲ.

ಇದಲ್ಲದೆ 1951ರ ಪೊಲೀಸು ಅಧಿನಿಯಮದ 37ನೆಯ ಕಲಮಿನಂತೆ, ಶಾಂತಿಪಾಲನೆಗಾಗಿ ಇಂತಿಷ್ಟು ದಿನ ಆಯುಧ ಹಿಡಿದು ತಿರುಗಬಾರದೆಂದು ಆಜ್ಞೆ ಹೊರಡಿಸುವ ಅಧಿಕಾರವೂ ಇಲ್ಲಿಯ ಪೊಲೀಸು ಅಧಿಕಾರಿಗಳಿಗಿದೆ. ಚುನಾವಣೆ ಬಂದಿತೆಂದರೆ ಬಂದೂಕನ್ನು ಠಾಣೆಗೆ ಒಪ್ಪಿಸಬೇಕಾದ ಸಂದರ್ಭವೂ ಬರುತ್ತದೆ. ಉಡುಪಿ, ದಕ್ಷಿಣ ಕನ್ನಡಗಳಲ್ಲಿ ಬೆಳೆ ರಕ್ಷಣೆಯ ಕೋವಿಯಿಟ್ಟುಕೊಂಡ ನಮ್ಮ ಬಂಧುಗಳನ್ನು ಕೇಳಿದರೆ ಆ ತಾಪತ್ರಯವನ್ನು ಅವರೇ ಹೇಳಿಯಾರು: ಕೋವಿ ಠಾಣೆಯಲ್ಲಿ, ಹಂದಿ ತೋಟದಲ್ಲಿ. ಪರವಾನಗಿಯು ಯಾವ ಪ್ರದೇಶಕ್ಕೆ ಸಲ್ಲುವುದೋ ಆ ಪ್ರದೇಶಕ್ಕೆ ಮಾತ್ರ ಸಲ್ಲುತ್ತದೆ ಎಂಬುದನ್ನೂ ನೆನಪಿಡಬೇಕು. ಊರಿನ ಭೂತದ ಕೋಲಕ್ಕೆ ಹೊರಟವನು ಮುಂಬಯಿಯ ಪಿಸ್ತೂಲನ್ನು ಸೊಂಟಕ್ಕೆ ಸಿಕ್ಕಿಸಿ ರಾತ್ರಿಯ ಬಸ್ಸು ಹತ್ತಿದರೆ, ದಾರಿಯಲ್ಲಿ ಆರೋಪಿಯಾದಾನು.

ಇಷ್ಟು ಹೇಳಿದ ಕೂಡಲೆ, "ಹಾಗಾದರೆ ಕೊಡಗಿನವರು?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಕೊಡವ ಜನಾಂಗದವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇರುವುದು ನಿಜ. ಬ್ರಿಟಿಷರ ಕಾಲದಿಂದ ನಡೆದುಬಂದ ಈ ವಿನಾಯಿತಿಯನ್ನು ಕೇಂದ್ರ ಸರಕಾರವು ಅಧಿನಿಯಮದ 41ನೆಯ ಕಲಮಿನಂತೆ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ, 2029ರ ಅಕ್ಟೋಬರ್ ಕೊನೆಯವರೆಗೆ, ಮುಂದುವರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಉಚ್ಚ ನ್ಯಾಯಾಲಯವು 2021ರ ಸೆಪ್ಟೆಂಬರಿನಲ್ಲಿ ತಳ್ಳಿಹಾಕಿತು. ಆದರೆ ಕೊಡಗಿನ ಕೋವಿಯ ಬದುಕೇ ಬೇರೆ. ಅಲ್ಲಿ ಕೈಲ್‌ಪೊಳ್ದ್ ಹಬ್ಬದಲ್ಲಿ ಅದಕ್ಕೆ ಹೂವಿಟ್ಟು ಪೂಜಿಸುತ್ತಾರೆ. ಪುತ್ತರಿಯ ರಾತ್ರಿ ಕದಿರು ಕೊಯ್ಯುವಾಗ ಆಕಾಶಕ್ಕೆ ಒಂದು ಗುಂಡು ಹಾರಿಸುತ್ತಾರೆ. ಕೋವಿಯು ಅಲ್ಲಿ ಮನೆತನದ ಹಿರಿಯನಿದ್ದಂತೆ. ಅದನ್ನು ಹೇಗೆ ಹಿಡಿಯಬೇಕು, ಯಾರ ಕಡೆಗೆ ತಿರುಗಿಸಬಾರದು ಎಂಬುದನ್ನು ಮಕ್ಕಳು ಅಜ್ಜನಿಂದ ಕಲಿಯುತ್ತಾರೆ. ಪರವಾನಗಿಯಿಂದ ವಿನಾಯಿತಿ ಇದ್ದ ಮಾತ್ರಕ್ಕೆ ಅಪರಾಧದಿಂದ ವಿನಾಯಿತಿ ಅವರಿಗೂ ಇಲ್ಲ. ಕೊಡಗಿನ ಆ ಶಿಸ್ತನ್ನು ಬಿಟ್ಟು, ಸೊಂಟದ ಠೀವಿಯನ್ನಷ್ಟೇ ವಿಕ್ರೋಳಿಗೆ ತಂದರೆ ಪ್ರಯೋಜನವೇನು?

ಕಾನೂನಿಗಿಂತಲೂ ಮುಖ್ಯವಾದುದು ವ್ಯವಹಾರದ ಪ್ರಶ್ನೆ. ಇಲ್ಲಿ ನಮ್ಮ ಸ್ವಂತ ಅನುಭವವನ್ನು ಹೇಳದೆ ಗತ್ಯಂತರವಿಲ್ಲ. ಇಪ್ಪತ್ತು ವರ್ಷಗಳಿಗೂ ಹಿಂದೆ, ನಾವು ಸೋದರಮಾವನವರ ಹೋಟೆಲಿನಲ್ಲಿ ಬಿಲ್ಲು ಬರೆಯುತ್ತಿದ್ದಾಗ, ಅವರಿಗೂ ಇಂತಹುದೇ ಬೆದರಿಕೆ ಬಂದಿತ್ತು. ಅವರು ಕ್ರಮಬದ್ಧವಾಗಿ ಪರವಾನಗಿ ಪಡೆದು ಒಂದು ರಿವಾಲ್ವರನ್ನು ಕೊಂಡರು. ಪ್ಯಾಂಟಿನ ಬೆಲ್ಟಿಗೆ ಕಟ್ಟಿಕೊಂಡು ಗಲ್ಲಾದಲ್ಲಿ ಕುಳಿತರು. ಮೊದಲ ವಾರ ಬೆಳಗಿನ ಪಾಳಿಗೆ ಹೋಗುವ ಕಾರ್ಖಾನೆಯವರು, "ಏನು ಶೆಟ್ರೆ, ಇನ್ಸ್‌ಪೆಕ್ಟರರಾದಿರೋ?" ಎಂದು ನಕ್ಕು ಚಹಾ ಕುಡಿದರು. ಎರಡನೆಯ ವಾರ, ಸಂಜೆ ಮಕ್ಕಳನ್ನು ಕರೆದುಕೊಂಡು ದೋಸೆಗೆ ಬರುತ್ತಿದ್ದ ಸಂಸಾರಗಳು ಫ್ಯಾಮಿಲಿ ರೂಮಿನಿಂದ ಕಾಣೆಯಾದವು. ಬಂದವರೂ ಬೇಗ ಎದ್ದು ಹೋಗುತ್ತಿದ್ದರು.

ಒಂದು ಮಧ್ಯಾಹ್ನ ಮಾವನವರು ಊಟಕ್ಕೆ ಕೈ ತೊಳೆಯಲು ಎದ್ದವರು, ಸೊಂಟಕ್ಕೆ ಒತ್ತುತ್ತಿದ್ದ ರಿವಾಲ್ವರನ್ನು ಗಲ್ಲಾದ ಖಾನೆಯೊಳಗೆ ಇಟ್ಟರು. ಊರಿನಿಂದ ಹೊಸದಾಗಿ ಬಂದಿದ್ದ ಹುಡುಗನು ಚಿಲ್ಲರೆಗೆಂದು ಖಾನೆ ಎಳೆದನು. ಸಿನೆಮಾದಲ್ಲಿ ಕಂಡಂತೆ ಅದನ್ನು ಎತ್ತಿ ಹಿಡಿದು, ನಗುತ್ತ, ದೋಸೆ ಭಟ್ಟರ ಕಡೆಗೆ ಗುರಿಯಿಟ್ಟನು. ಭಟ್ಟರ ಕೈಯ ಸಟ್ಟುಗ ಕೆಳಗೆ ಬಿದ್ದ ಸದ್ದು ಇಂದಿಗೂ ನಮ್ಮ ಕಿವಿಯಲ್ಲಿದೆ. ದೇವರ ದಯೆ, ಹುಡುಗನ ಬೆರಳು ಕುದುರೆಯನ್ನು ಒತ್ತಲಿಲ್ಲ. ಮಾವನವರು ಅಂದು ಊಟ ಮಾಡಲಿಲ್ಲ. ಹುಡುಗನನ್ನು ಬೈಯಲೂ ಇಲ್ಲ; "ತಪ್ಪು ನನ್ನದು" ಎಂದಷ್ಟೇ ಹೇಳಿ, ಆ ವಾರವೇ ಆಯುಧವನ್ನು ಠಾಣೆಗೆ ಒಪ್ಪಿಸಿದರು. ಬೆದರಿಕೆ ಹಾಕಿದವನು ಹೋಟೆಲಿನ ಮೆಟ್ಟಿಲು ಹತ್ತಲೇ ಇಲ್ಲ. ನಮಗೆ ಅಪಾಯ ಬಂದದ್ದು ನಮ್ಮದೇ ಖಾನೆಯಿಂದ.

ಇದು ಒಂದು ಹೋಟೆಲಿನ ಕಥೆಯಲ್ಲವೆ ಎನ್ನುವವರಿಗೆ 2024ನೆಯ ಇಸವಿಯೊಂದೇ ಸಾಕು. ಆ ವರ್ಷದ ಫೆಬ್ರವರಿ 8ರಂದು ದಹಿಸರದಲ್ಲಿ ಮಾಜಿ ನಗರಸೇವಕ ಅಭಿಷೇಕ್ ಘೋಸಾಳ್ಕರರ ಕೊಲೆ ನಡೆಯಿತು. ಕೊಂದವನು ಬಳಸಿದ ಪಿಸ್ತೂಲು ಅವನ ಅಂಗರಕ್ಷಕನದೆಂದು ಪೊಲೀಸರು ತಿಳಿಸಿದರು. ರಕ್ಷಣೆಗೆಂದು ತಂದ ಆಯುಧವೇ ಭಕ್ಷಣೆಗೆ ಒದಗಿತು. ಅಕ್ಟೋಬರ್ 1ರ ಮುಂಜಾನೆ ಜುಹುವಿನಲ್ಲಿ ನಟ ಗೋವಿಂದ ಅವರು ಪ್ರಯಾಣಕ್ಕೆ ಸಿದ್ಧರಾಗುತ್ತಿದ್ದಾಗ ಅವರದೇ ಪರವಾನಗಿಯ ರಿವಾಲ್ವರಿನಿಂದ ಗುಂಡು ಸಿಡಿದು ಅವರ ಕಾಲಿಗೇ ತಗಲಿತು. ಅವರದು ಗದ್ದಲವಿಲ್ಲದ ಮನೆ. ಬೆಳಗಿನ ಎಂಟು ಗಂಟೆಗೆ ಇಡ್ಲಿಗಾಗಿ ಜನ ಮುಗಿಬೀಳುವ, ನೆಲವೆಲ್ಲ ಒದ್ದೆಯಾದ, ಹತ್ತು ಹುಡುಗರು ಟ್ರೇ ಹಿಡಿದು ಓಡಾಡುವ ಹೋಟೆಲಿನಲ್ಲಿ ಅಂತಹ ಆಯುಧದ ಮೇಲೆ ಹದಿನಾರು ತಾಸು ಹತೋಟಿ ಇಟ್ಟುಕೊಳ್ಳಬಲ್ಲವರು ಯಾರು?

ಇನ್ನು ಆಪತ್ತಿನ ಕ್ಷಣವನ್ನು ಊಹಿಸೋಣ. ಕೊಲ್ಲಲು ಬಂದವನು ಮೊದಲು ನೋಡುವುದು ಎದುರಾಳಿಯ ಸೊಂಟವನ್ನೇ. ಆಯುಧವು ಎದುರಿಗೇ ಕಂಡರೆ ಅವನ ಮೊದಲ ಗುಂಡು ಯಾರಿಗೆಂಬುದನ್ನು ಹೇಳಬೇಕಾಗಿಲ್ಲ. ನಾವೇ ಮೊದಲು ಹಾರಿಸಿದೆವೆನ್ನೋಣ. ಅವನ ಹಿಂದೆ ಕುಳಿತು ಉಣ್ಣುತ್ತಿರುವವರು ನಮ್ಮ ಗಿರಾಕಿಗಳು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯು ಆತ್ಮರಕ್ಷಣೆಯ ಹಕ್ಕನ್ನು 34ರಿಂದ 44ನೆಯ ಕಲಮುಗಳಲ್ಲಿ ಹಿಂದಿನಂತೆಯೇ ಉಳಿಸಿಕೊಂಡಿದೆ. ಆದರೆ ರಕ್ಷಣೆಗೆ ಎಷ್ಟು ಬೇಕೋ ಅದಕ್ಕಿಂತ ಹೆಚ್ಚಿನ ಹಾನಿ ಮಾಡಬಾರದೆಂಬ ಮಿತಿಯನ್ನೂ ಉಳಿಸಿಕೊಂಡಿದೆ. ಗಲ್ಲಾದಿಂದ ಹಣ ಕಸಿದು ಓಡುವ ಕಳ್ಳನ ಬೆನ್ನಿಗೆ ಗುಂಡು ಹಾಕಿದವನು, ಪ್ರಾಣಭಯವಿತ್ತೆಂದು ತೋರಿಸುವುದಕ್ಕೆ ವರ್ಷಗಟ್ಟಲೆ ಕೋರ್ಟಿನ ಮೆಟ್ಟಿಲು ಸವೆಸಬೇಕಾದೀತು. ಅಷ್ಟರಲ್ಲಿ ಹೋಟೆಲಿನ ಗತಿ?

ಬಂದೂಕಿನ ಸ್ವಾತಂತ್ರ್ಯಕ್ಕೆ ಹೆಸರಾದ ಅಮೇರಿಕೆಯ ಕಡೆಗೂ ಒಮ್ಮೆ ನೋಡೋಣ. ನಮ್ಮ ಅನೇಕರ ಮಕ್ಕಳು ಈಗ ಅಲ್ಲಿಯೇ ಇದ್ದಾರೆ. ಟೆಕ್ಸಾಸ್ ಸಂಸ್ಥಾನವು ಪರವಾನಗಿದಾರರಿಗೆ 2016ರ ಜನವರಿ 1ರಿಂದ ಕೈಕೋವಿಯನ್ನು ಒರೆಯಲ್ಲಿಟ್ಟು ಬಹಿರಂಗವಾಗಿ ಧರಿಸಲು ಅನುಮತಿಯಿತ್ತಿತು. 2021ರ ಸೆಪ್ಟೆಂಬರ್ 1ರಿಂದ ಬಹುಪಾಲು ವಯಸ್ಕರಿಗೆ ಆ ಪರವಾನಗಿಯೂ ಬೇಡವಾಯಿತು. ಅಲ್ಲಿಯೂ, ನನ್ನ ಅಂಗಡಿಯೊಳಗೆ ಬೇಡವೆಂದು ಫಲಕ ಹಾಕುವ ಹಕ್ಕು ಅಂಗಡಿಕಾರನಿಗಿದೆ. ಜಗತ್ತಿಗೆಲ್ಲ ಕಾಫಿ ಮಾರುವ ಸ್ಟಾರ್‌ಬಕ್ಸ್ ಸಂಸ್ಥೆಯ ಮುಖ್ಯಸ್ಥ ಹೊವರ್ಡ್ ಶುಲ್ಟ್ಸ್ ಅವರು 2013ರ ಸೆಪ್ಟೆಂಬರಿನಲ್ಲಿ, ದಯವಿಟ್ಟು ನಮ್ಮ ಅಂಗಡಿಗಳಿಗೆ ಬಂದೂಕು ತರಬೇಡಿರೆಂದು ಬಹಿರಂಗ ಪತ್ರದಲ್ಲಿ ಗಿರಾಕಿಗಳನ್ನು ಕೇಳಿಕೊಂಡರು. ಕಾಫಿ ಮಾರುವವನ ಕಷ್ಟ ಎಲ್ಲಿ ಹೋದರೂ ಒಂದೇ: ಎದುರಿಗೆ ಕುಳಿತವನು ಹೆದರಿದರೆ ಅವನು ನಾಳೆ ಬರುವುದಿಲ್ಲ.

ಹಾಗಾದರೆ ಬೆದರಿಕೆ ಬಂದವನು ಸುಮ್ಮನೆ ಕೈಕಟ್ಟಿ ಕೂರಬೇಕೆ? ಖಂಡಿತ ಇಲ್ಲ. ಬೆದರಿಕೆಯ ಮೊದಲ ಕರೆಗೇ ಠಾಣೆಗೆ ಹೋಗಿ ಬರಹದಲ್ಲಿ ದೂರು ಕೊಡಬೇಕು. ಕರೆಯ ನಂಬರು, ಹೊತ್ತು, ಆಡಿದ ಮಾತು, ಸಾಧ್ಯವಾದರೆ ಧ್ವನಿಮುದ್ರಣ, ಇವನ್ನು ಜೋಪಾನವಾಗಿಡಬೇಕು. ಒಬ್ಬನೇ ಹೋಗದೆ ಸಂಘದ ನಾಲ್ಕು ಜನರನ್ನು ಜೊತೆಗೆ ಕರೆದೊಯ್ಯಬೇಕು. ಗುಟ್ಟಾಗಿ ಹಣ ಕೊಟ್ಟು ಪಾರಾಗುವೆನೆಂಬ ಆಲೋಚನೆ ಎಲ್ಲಕ್ಕಿಂತ ಕೆಟ್ಟದ್ದು. ಒಬ್ಬನು ಕೊಟ್ಟ ಹಣವು ಪಕ್ಕದ ಹೋಟೆಲಿನವನಿಗೆ ಮರುದಿನದ ಕರೆಯಾಗುತ್ತದೆ. ರಾತ್ರಿ ಬಾಗಿಲು ಹಾಕುವಾಗ ಇಬ್ಬರಿರಲಿ. ಕ್ಯಾಮರಾ ಕೆಡದಂತೆ ನೋಡಿಕೊಳ್ಳಲಿ. ಹಣದ ಚೀಲ ದಿನವೂ ಒಂದೇ ಹೊತ್ತಿಗೆ ಒಂದೇ ದಾರಿಯಲ್ಲಿ ಹೋಗದಿರಲಿ. ಗಿರಾಕಿಗಳಲ್ಲಿ ಎಷ್ಟೋ ಜನ ಮೊಬೈಲಿನಿಂದಲೇ ಬಿಲ್ಲು ಕೊಡುವ ಈ ದಿನಗಳಲ್ಲಿ ಆ ಚೀಲವೂ ಹಗುರವಾಗಿದೆ.

ಪ್ರಾಣಕ್ಕೆ ನಿಜವಾದ ಅಪಾಯವುಳ್ಳವರು ಪೊಲೀಸು ಕಾವಲನ್ನು ಬರಹದಲ್ಲಿ ಕೇಳಲಿ. ಪರವಾನಗಿಗೂ ಅರ್ಜಿ ಹಾಕಲಿ. ಅದು ಅವರ ಹಕ್ಕು, ನಾವು ಬೇಡವೆನ್ನಲಾರೆವು. ಜಯ ಶೆಟ್ಟರ ಅಂತ್ಯವನ್ನು ಬಲ್ಲ ನಾವು ಹಾಗೆನ್ನುವುದು ಧರ್ಮವೂ ಅಲ್ಲ. ಕಾವಲನ್ನು ತೆಗೆಯುವ ಮುನ್ನ ಬೆದರಿಕೆ ನಿಂತಿದೆಯೇ ಎಂದು ವಿಚಾರಿಸುವ ಹೊಣೆ ಸರಕಾರದ್ದು. ಅದನ್ನು ನೆನಪಿಸುವ ಹೊಣೆ ನಮ್ಮ ಸಂಘಗಳದ್ದು. ಆದರೆ ಆಯುಧ ಕೊಂಡವರು ತರಬೇತಿ ಪಡೆಯಲಿ, ಒರೆಯಲ್ಲಿ ಮುಚ್ಚಿಡಲಿ, ಮನೆಗೆ ಬಂದೊಡನೆ ಬೀಗ ಹಾಕಿ ಕೀಲಿಕೈಯನ್ನು ತಮ್ಮಲ್ಲಿಯೇ ಇಟ್ಟುಕೊಳ್ಳಲಿ. ಗಲ್ಲಾದ ಖಾನೆಯಲ್ಲಿ ಮಾತ್ರ ಎಂದೂ ಇಡದಿರಲಿ.

ನಮ್ಮ ಹಿರಿಯರು ಈ ಪರವೂರಿನಲ್ಲಿ ನೆಲೆಯೂರಿದ್ದು ಬಾಗಿಲು ತೆರೆದಿಟ್ಟು, ಬಂದವರೆಲ್ಲರಿಗೂ ಒಂದೇ ನೀರು, ಒಂದೇ ಬೆಲೆ, ಒಂದೇ ಮಾತು ಎಂದು ನಡೆದುದರಿಂದ. ಮಾತು ಬಲ್ಲವನಿಗೆ ಜಗಳವಿಲ್ಲ, ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯ ಎರಡು ಅರ್ಧವೂ ಹೋಟೆಲಿನವನಿಗೆ ಹೇಳಿಮಾಡಿಸಿದ್ದು. ವಿಕ್ರೋಳಿಯ ನಮ್ಮ ಮಿತ್ರರು ಮರುದಿನ ಬೆಳಿಗ್ಗೆ ಇಬ್ಬರು ನೆರೆಯವರೊಡನೆ ಠಾಣೆಗೆ ಹೋಗಿ ದೂರು ಬರೆಸಿಕೊಟ್ಟರು. ಪರವಾನಗಿಯ ಅರ್ಜಿಯನ್ನು ಇನ್ನೂ ತುಂಬಿಲ್ಲ. ತುಂಬುವುದಾದರೆ, ಅದಕ್ಕೆ ಮೊದಲು ಈ ಲೇಖನವನ್ನು ಇನ್ನೊಮ್ಮೆ ಓದಲೆಂದು ನಮ್ಮ ಪ್ರಾರ್ಥನೆ.