ಬಾಟಲಿ ಒಂದೇ, ಬೆಲೆ ಮೂರು!

ಓದಿ ಮಡಚಿ ಕಿಸೆಯಲ್ಲಿ ಇಟ್ಟುಕೊಳ್ಳಬೇಡಿ. ಪಕ್ಕದ ಮನೆಗೆ ಕೊಡಿ.

ಬೆಳಗಾವಿ, 5 ಜೂನ್ 2021



ಕೋವಿಶೀಲ್ಡಿನ ಒಂದು ಗಾಜಿನ ಬಾಟಲಿಯಲ್ಲಿ ಹತ್ತು ಜನರಿಗೆ ಆಗುವಷ್ಟು ಲಸಿಕೆ ಇರುತ್ತದೆ. ಒಬ್ಬರಿಗೆ ಅರ್ಧ ಮಿಲಿಲೀಟರ್. ಪುಣೆಯ ಅದೇ ಕಾರ್ಖಾನೆ, ಅದೇ ಯಂತ್ರ, ಅದೇ ಪಾಳಿಯ ಕೆಲಸಗಾರರು ತುಂಬಿ ಮುಚ್ಚಳ ಹಾಕಿದ ಬಾಟಲಿ. ಅದನ್ನು ದೆಹಲಿಯ ಕೇಂದ್ರ ಸರ್ಕಾರ ಕೊಂಡರೆ ಡೋಸಿಗೆ 150 ರೂಪಾಯಿ. ಬೆಂಗಳೂರಿನ ಸರ್ಕಾರ ಕೊಂಡರೆ 300. ಖಾಸಗಿ ಆಸ್ಪತ್ರೆ ಕೊಂಡರೆ 600, ಅದರ ಮೇಲೆ ಸೂಜಿ ಚುಚ್ಚಿದ ಕೂಲಿ ಬೇರೆ. ಹೈದರಾಬಾದಿನ ಕೋವ್ಯಾಕ್ಸಿನ್ ಇನ್ನೂ ಒಂದು ಕೈ ಮೇಲೆ: 150, 400, 1,200.

ರವಿವಾರ ಪೇಟೆಯ ವ್ಯಾಪಾರಿ ಒಂದೇ ಚೀಲದ ಅಕ್ಕಿಯನ್ನು ಮೂವರು ಗಿರಾಕಿಗಳಿಗೆ ಮೂರು ದರದಲ್ಲಿ ತೂಗಿದರೆ ಸಂಜೆಯೊಳಗೆ ಅಂಗಡಿ ಮುಂದೆ ಪಂಚಾಯಿತಿ ಕೂಡುತ್ತದೆ. ಲಸಿಕೆ ಮಾರುವವರು ಮಾಡಿದರೆ ಅದಕ್ಕೆ ‘ಉದಾರೀಕೃತ ನೀತಿ’ ಎಂದು ಹೆಸರು. ಮೇ 1ರಿಂದ ಜಾರಿ. ಯಾರ ಮೇಲೆ ಉದಾರ ಎಂದು ನೀವು ಕೇಳಬಾರದು.

ಏಪ್ರಿಲ್ 21ರಂದು ಕೋವಿಶೀಲ್ಡಿನವರು ರಾಜ್ಯಗಳಿಗೆ 400 ಎಂದು ಸಾರಿದ್ದರು. ದೇಶವೆಲ್ಲ ಬೈಯಿತು. ವಾರ ಕಳೆಯುವುದರೊಳಗೆ 300 ಆಯಿತು, ಅದನ್ನು ಪರೋಪಕಾರ ಎಂದೂ ಕರೆದುಕೊಂಡರು. ಬೈದರೆ ನೂರು ರೂಪಾಯಿ ಇಳಿಯುತ್ತದೆ ಎಂದಾದರೆ ಆ ನೂರು ರೂಪಾಯಿ ಮೊದಲು ಯಾವ ಖರ್ಚಿನ ಬಾಬತ್ತಿನಲ್ಲಿ ಇತ್ತು? ಇನ್ನಷ್ಟು ಬೈದರೆ ಇನ್ನೆಷ್ಟು ಇಳಿದೀತು? ಈ ಕರಪತ್ರ ಅದರ ಪರೀಕ್ಷೆ.

ನಾನೊಬ್ಬ ನಿವೃತ್ತ ಮಾಸ್ತರ. ಎರಡನೇ ಡೋಸಿಗೆಂದು ಮೇ ತಿಂಗಳಲ್ಲಿ ಬೆಳಗಿನ ಐದಕ್ಕೇ ಹೋಗಿ ಪಾಳಿ ಹಚ್ಚಿದೆ. ಬಂದದ್ದು ಐವತ್ತು ಟೋಕನ್, ನನ್ನ ನಂಬರು ಅರವತ್ತಮೂರು. ನನ್ನ ಹಿಂದೆ ನಿಂತಿದ್ದ ಹಮಾಲಿ ಅಣ್ಣ ಅವತ್ತಿನ ಕೂಲಿಯನ್ನೂ ಕಳೆದುಕೊಂಡಿದ್ದ. ‘ಸರ್, ರೊಕ್ಕ ಕೊಟ್ಟರ ಸಿಗ್ತೈತಂತಲ್ರೀ?’ ಅಂದ. ಸಿಗುತ್ತದಪ್ಪ. ಅವನಿಗೂ ಅವನ ಹೆಂಡತಿಗೂ ಎರಡೆರಡು ಡೋಸು ಎಂದರೆ ಕೋವಿಶೀಲ್ಡಿನ ಬೆಲೆಯೇ 2,400 ರೂಪಾಯಿ, ಕೋವ್ಯಾಕ್ಸಿನ್ನಿನದು 4,800. ಮೇ 10ರಿಂದ ಲಾಕ್‌ಡೌನ್. ದುಡಿಮೆ ಇಲ್ಲದ ಮನೆಯಿಂದ ಎಲ್ಲಿಂದ ತರಬೇಕು? ಈಗ ಲಾಕ್‌ಡೌನನ್ನು ಜೂನ್ 14ಕ್ಕೆ ಎಳೆದಿದ್ದಾರೆ. ಏಪ್ರಿಲ್ 17ರ ಲೋಕಸಭಾ ಉಪಚುನಾವಣೆಗೆ ಮತಯಂತ್ರ ಮಾತ್ರ ಇದೇ ಓಣಿಗೆ ಹೊತ್ತಿಗೆ ಸರಿಯಾಗಿ ಬಂದಿತ್ತು ಎಂಬುದನ್ನು ಇಲ್ಲೇ ಬರೆದಿಡುತ್ತೇನೆ.

ವಿಜ್ಞಾನವನ್ನು ದೂರುವ ಮನುಷ್ಯ ನಾನಲ್ಲ. ಮೂವತ್ತು ವರ್ಷ ಅದನ್ನೇ ಪಾಠ ಮಾಡಿದ್ದೇನೆ. ಈ ಒಂದೂವರೆ ವರ್ಷದಲ್ಲಿ ವಿಜ್ಞಾನಿಗಳು ಮಾಡಿದ್ದನ್ನು ನೋಡಿದರೆ ಮೈ ಜುಮ್ಮೆನ್ನುತ್ತದೆ. 2020ರ ಜನವರಿ 11ರಂದು ಶಾಂಘೈಯ ಜಾಂಗ್ ಯೊಂಗ್‌ಜೆನ್ ತಂಡ ಕೊರೋನಾ ವೈರಾಣುವಿನ ಇಡೀ ಜೀನೋಮ್ ಅನುಕ್ರಮವನ್ನು ಜಗತ್ತಿನ ಮುಂದೆ ಬಿಚ್ಚಿಟ್ಟಿತು. ಪುಕ್ಕಟೆ! ಪೇಟೆಂಟ್ ಇಲ್ಲ, ಮೂರು ದರ ಇಲ್ಲ. (ಮರುದಿನವೇ ಅವರ ಪ್ರಯೋಗಾಲಯಕ್ಕೆ ‘ಸುಧಾರಣೆ’ ಹೆಸರಲ್ಲಿ ಬೀಗ ಬಿತ್ತು. ಕೊಟ್ಟವನಿಗೆ ಸಿಕ್ಕ ಬಹುಮಾನ ಅದು.) ಆ ಮಾಹಿತಿ ಹಿಡಿದು ಅಮೆರಿಕದ ಮಾಡರ್ನಾ ಎರಡೇ ದಿನದಲ್ಲಿ ಲಸಿಕೆಯ ನಕ್ಷೆ ಬರೆಯಿತು. ಮಾರ್ಚ್ 16ಕ್ಕೆ ಸಿಯಾಟಲ್‌ನಲ್ಲಿ ಮೊದಲ ಸ್ವಯಂಸೇವಕಿಯ ತೋಳಿಗೆ ಸೂಜಿ. ಇದಕ್ಕೆ ಬೇಕಾದ ಎಂಆರ್‌ಎನ್‌ಎ ವಿದ್ಯೆಯನ್ನು ಹತ್ತಾರು ವರ್ಷ ಬೆನ್ನುಹತ್ತಿದ ಕಾತಲಿನ್ ಕರಿಕೊ ಎಂಬ ಹೆಣ್ಣುಮಗಳನ್ನು 1995ರಲ್ಲಿ ಅವರ ವಿಶ್ವವಿದ್ಯಾಲಯ ಹಿಂಬಡ್ತಿ ಕೊಟ್ಟು ಕೂರಿಸಿತ್ತು, ಅನುದಾನ ತರುತ್ತಿಲ್ಲವೆಂದು. ಇವತ್ತು ಅದೇ ವಿದ್ಯೆಯಿಂದ ಕಂಪನಿಗಳು ಎಣಿಸುತ್ತಿರುವ ಡಾಲರನ್ನು ನೀವೇ ಪೇಪರಿನಲ್ಲಿ ಓದುತ್ತಿದ್ದೀರಿ.

ನಮ್ಮ ಕಡೆಯ ಲೆಕ್ಕ ಇದಕ್ಕಿಂತ ಹತ್ತಿರದ್ದು. ಕೋವ್ಯಾಕ್ಸಿನ್‌ಗೆ ಬೇಕಾದ ವೈರಾಣುವನ್ನು ಬೇರ್ಪಡಿಸಿ ಕೊಟ್ಟದ್ದು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ, ಎಂದರೆ ಸರ್ಕಾರ, ಎಂದರೆ ನೀವು. ಇಪ್ಪತ್ತು ಮಂಗಗಳ ಮೇಲೆ ಪರೀಕ್ಷೆ ಮಾಡಿದ್ದೂ ಅದೇ ಸಂಸ್ಥೆ. ಶಿವಮೊಗ್ಗದವರಿಗೆ ಈ ಸಂಸ್ಥೆಯ ಪರಿಚಯ ಹಳೆಯದು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆಯ ವೈರಾಣುವನ್ನು ಪತ್ತೆ ಹಚ್ಚಿದ್ದು ಪುಣೆಯ ಇದೇ ಮನೆಯವರು. ಕೋವ್ಯಾಕ್ಸಿನ್ ಪ್ರಯೋಗದ ಮೂರನೇ ಹಂತದಲ್ಲಿ 25,800 ಜನ ತೋಳು ಕೊಟ್ಟರು, ಅದಕ್ಕೆ 35 ಕೋಟಿ ರೂಪಾಯಿ ಹಾಕಿದ್ದು ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿ, ಐಸಿಎಂಆರ್. ಇನ್ನೊಂದು ಮಾತು ಬೆಳಗಾವಿಯವರು ಮರೆಯಬಾರದು. ಮೊದಲ ಹಂತದ ಪ್ರಯೋಗಕ್ಕೆ ಇಡೀ ದೇಶದಲ್ಲಿ ಆಯ್ದ 12 ಕಡೆಗಳಲ್ಲಿ ನಮ್ಮ ಊರೂ ಒಂದು. ಆಗ ಈ ಮದ್ದು ಏನು ಮಾಡೀತೆಂದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದಾಗ ತೋಳು ನಮ್ಮದು, ಗೊತ್ತಾದ ಮೇಲೆ ಬಾಟಲಿ ಅವರದು. ಐಸಿಎಂಆರ್‌ಗೆ ರಾಯಲ್ಟಿ ಬರುತ್ತದಂತೆ. ಹೊಲವೂ ನಮ್ಮದು, ಬೀಜವೂ ನಮ್ಮದು, ಸುಗ್ಗಿ ಆದ ಮೇಲೆ ಕಣದಲ್ಲಿ ಉಳಿದ ಕಾಳು ಆರಿಸಿಕೊಳ್ಳಿ ಎಂದ ಹಾಗೆ!

ಇನ್ನು ಟಿಳಕವಾಡಿಯ ವ್ಯಾಕ್ಸಿನ್ ಡಿಪೋ. ದಿನಾ ಬೆಳಗ್ಗೆ ಅಲ್ಲಿ ವಾಕಿಂಗ್ ಮಾಡುವವರೇ, ಒಂದು ಗಳಿಗೆ ನಿಂತು ಆ ಹೆಸರನ್ನು ಬಿಡಿಸಿ ಓದಿ. ಮುಂಬೈ ಪ್ರಾಂತ್ಯದ ಕಾಲದಲ್ಲಿ ಸಿಡುಬಿನ ಲಸಿಕೆ ತಯಾರಾಗುತ್ತಿದ್ದ ಜಾಗ ಅದು. ಕರುವಿನ ಚರ್ಮದ ಮೇಲೆ ಬೆಳೆಸಿ ತೆಗೆಯುತ್ತಿದ್ದ ಲಸಿಕೆ. ನಮ್ಮ ಅಜ್ಜಿಯ ತೋಳಿನ ಮೇಲಿದ್ದ ರೂಪಾಯಿ ಅಗಲದ ಕಲೆ ‘ದೇವಿ ಹಾಕುವವ’ ಮನೆಬಾಗಿಲಿಗೆ ಬಂದು ಹಾಕಿದ್ದು. ಅವನು ಅಜ್ಜಿಯನ್ನು ನಿನ್ನ ವಯಸ್ಸು ನಲವತ್ತೈದು ದಾಟಿದೆಯೇ, ಮೊಬೈಲಿಗೆ ಒಟಿಪಿ ಬಂತೇ ಎಂದು ಕೇಳಲಿಲ್ಲ. ಪರದೇಶದವನು ಆಳುವಾಗ ಲಸಿಕೆ ಮಾಡುತ್ತಿದ್ದ ಊರಿನಲ್ಲಿ ಈಗ ಆ ಹೆಸರಿನ ಮೈದಾನ ಉಳಿದಿದೆ. ಮೇಳ ನಡೆಯುತ್ತದೆ, ಸಭೆ ನಡೆಯುತ್ತದೆ. ಲಸಿಕೆಗೆ ಮಾತ್ರ ಪುಣೆಯ ಖಾಸಗಿ ಬಾಗಿಲಲ್ಲಿ ಪಾಳಿ.

ಇದು ತಾನಾಗಿ ಆದದ್ದಲ್ಲ. ಕಸೌಲಿ, ಕೂನೂರು, ಗಿಂಡಿ ಎಂಬ ಮೂರು ಊರುಗಳಲ್ಲಿ ಸರ್ಕಾರದ್ದೇ ಲಸಿಕೆ ಕಾರ್ಖಾನೆಗಳಿದ್ದವು. ಕೂನೂರಿನ ಪಾಶ್ಚರ್ ಸಂಸ್ಥೆ 1907ರದು. 2008ರ ಜನವರಿಯಲ್ಲಿ ಗುಣಮಟ್ಟದ ನಿಯಮ ತೋರಿಸಿ ಮೂರರ ಪರವಾನಗಿಯನ್ನೂ ಒಟ್ಟಿಗೆ ಅಮಾನತಿನಲ್ಲಿ ಇಟ್ಟರು. ಮನೆ ಸೋರಿದರೆ ಹೆಂಚು ಹೊಚ್ಚುತ್ತಾರೆ, ಮನೆ ಬೀಳಿಸುವುದಿಲ್ಲ. ಆಗ ಕೂತಿದ್ದ ಸರ್ಕಾರ ಯಾವ ಪಕ್ಷದ್ದು ಎಂದು ನೆನಪಿಸಿಕೊಳ್ಳಿ, ಯಾಕೆಂದರೆ ಇವತ್ತು ಅದೇ ಪಕ್ಷ ನಮ್ಮ ಪರವಾಗಿ ಕಣ್ಣೀರು ಹಾಕುತ್ತಿದೆ. ಎರಡು ವರ್ಷದ ಮೇಲೆ ಅಮಾನತು ತೆಗೆದರು, ಆದರೆ ಹೋದ ಬಲ ಬರಲಿಲ್ಲ. ಬದಲಿಗೆ ಚೆನ್ನೈ ಪಕ್ಕದ ಚೆಂಗಲ್ಪಟ್ಟಿನಲ್ಲಿ ನೂರು ಎಕರೆಯಲ್ಲಿ ಹೊಸ ಲಸಿಕಾ ಸಂಕೀರ್ಣ ಕಟ್ಟಿದರು. ಈ ಮಹಾಮಾರಿಯ ನಡುವೆಯೂ ಅದು ಒಂದು ಬಾಟಲಿ ತುಂಬದೆ ನಿಂತಿದೆ. ಹತ್ತು ದಿನದ ಹಿಂದೆ ತಮಿಳುನಾಡಿನ ಮುಖ್ಯಮಂತ್ರಿ ಖುದ್ದಾಗಿ ಹೋಗಿ ನೋಡಿ ನಮಗಾದರೂ ನಡೆಸಲು ಕೊಡಿ ಎಂದರು. ಖಾಲಿ ಕಾರ್ಖಾನೆಗೆ ಕಾವಲುಗಾರ ಇದ್ದಾನೆ, ಅವನಿಗೆ ಸಂಬಳವೂ ಇದೆ.

ಇಲ್ಲಿಗೆ ನಮ್ಮ ಜಾಣರು ಬಾಯಿ ಹಾಕುತ್ತಾರೆ. ಲಾಭವಿಲ್ಲದಿದ್ದರೆ ಕಂಪನಿ ಯಾಕೆ ಸಂಶೋಧನೆ ಮಾಡಬೇಕು, ಮಾಸ್ತರರೇ? ಅಯ್ಯೋ ಪಾಪ! 150 ರೂಪಾಯಿಯಲ್ಲಿ ಲಾಭವಿದೆ, ಆದರೆ ಮುಂದೆ ಬೆಳೆಯಲು ಬೇಕಾದ ಭಾರಿ ಲಾಭವಿಲ್ಲ ಎಂದು ಕೋವಿಶೀಲ್ಡ್ ಕಂಪನಿಯ ಯಜಮಾನರೇ ಟಿವಿಯಲ್ಲಿ ಹೇಳಿದ್ದಾರೆ. ನಷ್ಟ ಎಂದಿದ್ದರೆ ನಾವೇ ಓಣಿಯಲ್ಲಿ ಚಂದಾ ಎತ್ತುತ್ತಿದ್ದೆವು. ಏಪ್ರಿಲ್‌ನಲ್ಲಿ ಎರಡೂ ಕಂಪನಿಗಳಿಗೆ ಸೇರಿ ಸುಮಾರು 4,500 ಕೋಟಿ ಮುಂಗಡ ಮಂಜೂರು ಮಾಡಿದ್ದು ಯಾರ ಗಂಟು?

ಸೂತ್ರ ಕೊಟ್ಟರೂ ಉಳಿದವರಿಗೆ ಮಾಡಲು ಬರುವುದಿಲ್ಲ ಎಂದು ಬಿಲ್ ಗೇಟ್ಸ್ ಕೂಡ ಏಪ್ರಿಲ್‌ನಲ್ಲಿ ಹೇಳಿದರು. ಹೌದು ಸ್ವಾಮಿ, ಲಸಿಕೆ ಮಾಡುವುದು ಕಿಟಕಿ ಮಾರಿದಷ್ಟು ಸುಲಭವಲ್ಲ. ಆದರೆ ಜಗತ್ತಿನ ಅರ್ಧಕ್ಕಿಂತ ಹೆಚ್ಚು ಲಸಿಕೆ ನಮ್ಮಲ್ಲೇ ಆಗುತ್ತದೆ ಎಂದು ನಮ್ಮ ಮಂತ್ರಿಗಳು ಭಾಷಣ ಬಿಗಿಯುತ್ತಾರಲ್ಲ, ಇಬ್ಬರಲ್ಲಿ ಸುಳ್ಳುಗಾರ ಯಾರು? ಮೈಸೂರಿನ ಸ್ಕ್ಯಾನ್‌ರೇ ತನ್ನ ವೆಂಟಿಲೇಟರಿನ ವಿನ್ಯಾಸ ಕೊಟ್ಟಿತು, ಬೆಂಗಳೂರಿನ ಬಿಇಎಲ್ ಕಾರ್ಖಾನೆ ತೆರೆಯಿತು, ಕಳೆದ ವರ್ಷ 30,000 ವೆಂಟಿಲೇಟರ್‌ಗಳ ಬೇಡಿಕೆ ಹಾಗೆ ಪೂರೈಸಿತು. ಅದಕ್ಕೆ ಮೊದಲು ಬಿಇಎಲ್ ಮಾಡುತ್ತಿದ್ದದ್ದು ರೇಡಾರ್! ಮುಂಬೈಯ ಹಾಫ್‌ಕಿನ್ ಮತ್ತು ಬುಲಂದ್‌ಶಹರದ ಕಾರ್ಖಾನೆಗೂ ಈಗ ಕೋವ್ಯಾಕ್ಸಿನ್ ವಿದ್ಯೆ ಕೊಡುತ್ತಾರಂತೆ. ಕೊಡಲು ಬರುತ್ತದೆ ಎಂದಾಯಿತಲ್ಲ. ಚಿತೆಗಳು ಸಾಲು ನಿಂತ ಮೇಲೆ ಏಕೆ ನೆನಪಾಯಿತು, ಅಷ್ಟೇ ಪ್ರಶ್ನೆ.

ಕೋವಿಶೀಲ್ಡಿನ ಎರಡನೇ ಡೋಸಿನ ಅಂತರವನ್ನು ಮೇ 13ರಂದು 12–16 ವಾರಗಳಿಗೆ ಏರಿಸಿದರು. ಇಂಗ್ಲೆಂಡಿನಲ್ಲಿ ಅದಕ್ಕೆ ಆಧಾರವಿದೆಯಂತೆ, ಇರಲಿ, ವಿಜ್ಞಾನದ ಮಾತು ತಳ್ಳಿಹಾಕುವುದಿಲ್ಲ. ಉಗ್ರಾಣ ಖಾಲಿಯಾದ ವಾರವೇ ಆ ಜ್ಞಾನೋದಯ ಆದದ್ದು ಮಾತ್ರ ಚೋದ್ಯ. ಮರುದಿನದಿಂದ ಕರ್ನಾಟಕದಲ್ಲಿ 18ರಿಂದ 44ರವರಿಗೆ ಲಸಿಕೆ ನಿಂತಿತು. ಉಚಿತ ಎಂದು ಸಾರಿದ್ದರಲ್ಲ, ಅದು ನಿಜವೇ. ಇಲ್ಲದ ವಸ್ತುವನ್ನು ಉಚಿತವಾಗಿ ಕೊಡಲು ಖರ್ಚೇನು? ಲಸಿಕೆ ತಯಾರಾಗದಿದ್ದರೆ ನಾವೇನು ನೇಣು ಹಾಕಿಕೊಳ್ಳಬೇಕೇ ಎಂದು ನಮ್ಮದೇ ರಾಜ್ಯದ ಕೇಂದ್ರ ಮಂತ್ರಿ ಸದಾನಂದ ಗೌಡರು ಕೇಳಿದರು. ಬೇಡ ಸ್ವಾಮಿ, ನೀವು ಬದುಕಿರಿ. ಚಾಮರಾಜನಗರದ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ ಒಂದೇ ದಿನದೊಳಗೆ ಹೋದ 24 ಜನರ ಮನೆಯವರಿಗೆ ಹಾಗೆ ಕೇಳುವ ಹಕ್ಕಿತ್ತು, ಅವರು ಕೇಳಲಿಲ್ಲ.

ಬೆಂಗಳೂರಿನ ಅಪಾರ್ಟ್‌ಮೆಂಟ್ ಸಂಘದವರೇ, ನಿಮಗೂ ಎರಡು ಮಾತು. ಕ್ಲಬ್ ಹೌಸಿನಲ್ಲಿ ಶಾಮಿಯಾನ ಹಾಕಿ, ಕಾರ್ಪೊರೇಟ್ ಆಸ್ಪತ್ರೆಯ ನರ್ಸನ್ನು ಕರೆಸಿ, ಚುಚ್ಚಿಸಿಕೊಂಡು ಸೆಲ್ಫಿ ತೆಗೆದುಕೊಂಡಿರಿ. ನಿಮ್ಮ ಮನೆಯಲ್ಲಿ ಪಾತ್ರೆ ತೊಳೆಯುವ ಅಕ್ಕ ಆ ಸಾಲಿನಲ್ಲಿ ಇದ್ದಳೇ? ಮೇ ತಿಂಗಳಲ್ಲಿ ಖಾಸಗಿ ಪಾಲಿಗೆ ಹೋದ 1.20 ಕೋಟಿ ಡೋಸುಗಳಲ್ಲಿ ಅರ್ಧವನ್ನು ಒಂಬತ್ತೇ ಆಸ್ಪತ್ರೆ ಸಮೂಹಗಳು ಕೊಂಡಿವೆ. ಬಹುಪಾಲು ದೊಡ್ಡ ನಗರಗಳಿಗೆ. ಖಾನಾಪುರಕ್ಕೆ ಎಷ್ಟು, ಸವದತ್ತಿಗೆ ಎಷ್ಟು? ಕೇಳಬೇಡಿ.

ಕಾಂಗ್ರೆಸ್ಸಿನವರು ನೂರು ಕೋಟಿ ಹಾಕಿ ತಾವೇ ಲಸಿಕೆ ಕೊಂಡು ಹಂಚುತ್ತೇವೆ ಎಂದು ಹೊರಟಿದ್ದಾರೆ. ಯಾವ ದರಕ್ಕೆ ಮಹಾಶಯರೇ? ಮೂರು ಬೆಲೆಯನ್ನು ಮುರಿಯಿರಿ ಎಂದರೆ ಮೂರನೇ ಗಿರಾಕಿಯಾಗಲು ಹೊರಟಿರಾ? ತಟ್ಟೆ ಬಡಿದು, ದೀಪ ಹಚ್ಚಿ, ಈಗ ಯೋಗಗುರುವಿನ ಮಾತ್ರೆಯ ಡಬ್ಬಿ ಹಿಡಿದು ಕೂತ ಭಕ್ತರ ಬಗ್ಗೆ ಬರೆಯಲು ಕಾಗದ ಸಾಲದು. ಅದಕ್ಕಿಂತ ಸಿಟ್ಟು ನಮ್ಮವರ ಮೇಲೆಯೇ. ನಮ್ಮ ಜತೆ ಬೀದಿಗಿಳಿದು ಘೋಷಣೆ ಕೂಗಿದ ಕೆಲ ಗೆಳೆಯರು ಈಗ ಕಂಪನಿಗಳ ಪಿತೂರಿ, ಲಸಿಕೆಯೇ ಬೇಡ ಎಂದು ಹಳ್ಳಿಹಳ್ಳಿಗೆ ವಾಟ್ಸಾಪ್ ಹಾಕುತ್ತಿದ್ದಾರೆ. ಹೋಟೆಲಿನವನು ದುಬಾರಿ ಎಂದು ಅನ್ನ ಬಿಡುತ್ತೀರಾ? ನಿಮ್ಮಿಂದ ಕಂಪನಿಗೆ ಒಂದು ಕೂದಲೂ ಕೊಂಕಿಲ್ಲ, ನಮ್ಮ ಹಮಾಲಿ ಅಣ್ಣನ ಅತ್ತೆ ಮಾತ್ರ ಸೂಜಿ ಬೇಡವೆಂದು ಬಾಗಿಲು ಹಾಕಿಕೊಂಡಳು.

ಈಗ ಜಿನೀವಾಕ್ಕೆ ಬನ್ನಿ. ಕಳೆದ ಗಾಂಧಿ ಜಯಂತಿಯಂದು ಭಾರತ ಮತ್ತು ದಕ್ಷಿಣ ಆಫ್ರಿಕಾ ವಿಶ್ವ ವ್ಯಾಪಾರ ಸಂಸ್ಥೆಗೆ ಒಂದು ಅರ್ಜಿ ಕೊಟ್ಟವು. ಕೊರೋನಾ ಮುಗಿಯುವವರೆಗೆ ಲಸಿಕೆ, ಔಷಧಿಗಳ ಪೇಟೆಂಟ್ ಬದಿಗಿಡಿ ಎಂದು. ಸರಿಯಾದ ಮಾತು, ಚಪ್ಪಾಳೆ ಹೊಡೆಯೋಣ. ಅರವತ್ತಕ್ಕೂ ಹೆಚ್ಚು ದೇಶಗಳು ಜತೆಗೂಡಿವೆ, ಮೇ 5ರಂದು ಅಮೆರಿಕವೂ ಲಸಿಕೆಯ ಮಟ್ಟಿಗೆ ಹೂಂ ಎಂದಿದೆ, ಜರ್ಮನಿಯಂಥ ದೇಶಗಳು ಮಾತ್ರ ಗಂಟುಮುಖ ಹಾಕಿ ಕೂತಿವೆ. ಬರುವ ಮಂಗಳವಾರ ಮತ್ತು ಬುಧವಾರ, ಜೂನ್ 8 ಮತ್ತು 9ಕ್ಕೆ, ಅಲ್ಲಿ ಸಭೆ.

ಜಿನೀವಾದಲ್ಲಿ ಪೇಟೆಂಟ್ ಬಿಡಿ ಎಂದು ಕೈಮುಗಿಯುವ ಸರ್ಕಾರ ದೆಹಲಿಯಲ್ಲಿ ಏನು ಮಾಡಿತು? ಕಡ್ಡಾಯ ಪರವಾನಗಿ ಕೊಡುವುದನ್ನು ಯೋಚಿಸಿ ಎಂದು ಸುಪ್ರೀಂ ಕೋರ್ಟ್ ಏಪ್ರಿಲ್ 30ರಂದು ಹೇಳಿತು. ಹಾಗೆ ಮಾಡಿದರೆ ಉಲ್ಟಾ ಹೊಡೆದೀತು ಎಂದು ಅಫಿಡವಿಟ್ ಹಾಕಿದರು. 2012ರಲ್ಲಿ ಇದೇ ದೇಶ ಒಂದು ಕ್ಯಾನ್ಸರ್ ಔಷಧಿಗೆ ಇದೇ ಕಾನೂನಿನಲ್ಲಿ ಕಡ್ಡಾಯ ಪರವಾನಗಿ ಕೊಟ್ಟಾಗ ತಿಂಗಳ ಖರ್ಚು 2,80,000ದಿಂದ 8,800ಕ್ಕೆ ಇಳಿಯಿತು. ಆಗ ಆಕಾಶವೇನೂ ಕಳಚಿ ಬೀಳಲಿಲ್ಲ. 45 ದಾಟಿದವರಿಗೆ ಉಚಿತ, ಉಳಿದವರು ಕಾಸು ಕೊಡಲಿ ಎಂಬ ಈ ನೀತಿ ಮೇಲ್ನೋಟಕ್ಕೇ ಮನಬಂದಂತೆ ಮಾಡಿದ್ದು, ತರ್ಕಹೀನ ಎಂದು ಇದೇ ಮೇ 31ರಂದು ನ್ಯಾಯಾಲಯ ಬರೆದಿದೆ. ಬಜೆಟ್ಟಿನಲ್ಲಿ ಲಸಿಕೆಗೆಂದೇ ಇಟ್ಟ 35,000 ಕೋಟಿ ಏನಾಯಿತು ಎಂದೂ ಕೇಳಿದೆ. ಉತ್ತರಕ್ಕೆ ಎರಡು ವಾರ ಗಡುವು.

ನಮ್ಮ ಬೇಡಿಕೆ ಒಂದೇ. ನಮ್ಮ ತೋಳು, ನಮ್ಮ ಹಣ, ನಮ್ಮ ವಿಜ್ಞಾನಿಗಳಿಂದ ಆದದ್ದು ನಮಗೆ ಸೇರಬೇಕು. ಹೇಗೆ, ಯಾವ ಕಲಮಿನಡಿ, ಯಾವ ಇಲಾಖೆ ಎಂದು ನಮ್ಮನ್ನು ಕೇಳಬೇಡಿ. ಮೂರು ಬೆಲೆ ಕಟ್ಟುವಷ್ಟು ಬುದ್ಧಿ ಇದ್ದವರಿಗೆ ಮೂರನ್ನು ಅಳಿಸುವ ದಾರಿಯೂ ಗೊತ್ತಿರುತ್ತದೆ.

ನೀವು ಮಾಡಬೇಕಾದದ್ದು ಇಷ್ಟು. ಅಂಚೆ ಕಚೇರಿಯಲ್ಲಿ 50 ಪೈಸೆಯ ಕಾರ್ಡು ಇನ್ನೂ ಸಿಗುತ್ತದೆ, ಅದಕ್ಕೆ ಎಲ್ಲರಿಗೂ ಒಂದೇ ದರ. ಎರಡು ಕೊಳ್ಳಿ. ಒಂದು ದೆಹಲಿಗೆ ಪ್ರಧಾನಿಗೆ, ಇನ್ನೊಂದು ಬೆಂಗಳೂರಿಗೆ ಯಡಿಯೂರಪ್ಪನವರಿಗೆ. ಉದ್ದದ ಒಕ್ಕಣೆ ಬೇಡ. 150, 300, 600 ಎಂದು ಮೂರು ಅಂಕಿ ಬರೆದು, ಕೆಳಗೆ ‘ಯಾಕೆ?’ ಎಂದು ಹಾಕಿ, ಸಹಿ ಮಾಡಿ. ಎಂಟನೇ ತಾರೀಖಿಗೆ ಮುಟ್ಟುವುದಿಲ್ಲ ಅಂತೀರಾ? ತಡವಾಗಿಯೇ ಮುಟ್ಟಲಿ, 16 ವಾರವಂತೂ ಆಗುವುದಿಲ್ಲ. ಬೆಳಗ್ಗೆ ತರಕಾರಿಗೆ ಹೊರಬಿದ್ದಾಗ ಕಾರ್ಡು ಡಬ್ಬಿಗೆ ಹಾಕಿಬಿಡಿ. ಮಳೆಗಾಲ, ಶಾಯಿ ಹರಡುತ್ತದೆ, ಬಾಲ್ ಪೆನ್ನಿನಲ್ಲೇ ಬರೆಯಿರಿ.

ಬೆಳಗಾವಿಯ ಕೆಲವು ನಾಗರಿಕರ ಪರವಾಗಿ,
ಅರವತ್ತಮೂರನೇ ಟೋಕನ್ನಿನವ