ಬಹುಮಾನದ ಚೆಕ್ಕಿಗೆ ಸಹಿ ಹಾಕುವ ಮುನ್ನ

ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳ ಯುವಜನರಲ್ಲಿ ಮಣ್ಣಿನ ಹಾದಿಯ ಮೋಟಾರು ಸೈಕಲ್ ಸವಾರಿಯ ಆಸಕ್ತಿ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆ. ಡರ್ಟ್ ಬೈಕ್, ಮೋಟೋಕ್ರಾಸ್ ಎಂಬ ಪದಗಳು ಈಗ ಹಳ್ಳಿಯ ಹುಡುಗರ ಬಾಯಲ್ಲೂ ಸಲೀಸಾಗಿ ಹರಿದಾಡುತ್ತಿವೆ. ಮುರಕಲ್ಲಿನ ಪದವು, ಕಲ್ಲು ತೆಗೆದು ಬಿಟ್ಟ ಕೋರೆ, ಕೊಯ್ಲು ಮುಗಿದ ಗದ್ದೆ, ಇವೆಲ್ಲವೂ ಅವರ ಪಾಲಿಗೆ ಪಂದ್ಯದ ಅಂಗಣಗಳೇ. ಈ ಕ್ರೀಡೆಯನ್ನು ನಿಷೇಧಿಸಬೇಕೆಂದು ನಾನು ವಾದಿಸುವುದಿಲ್ಲ. ಅದಕ್ಕೆ ಹಣ ಕೊಡುವವರ ಹೊಣೆ ಏನೆಂಬುದೇ ಇಲ್ಲಿಯ ಪ್ರಶ್ನೆ. ಹಣ ಕೊಡುವವರಲ್ಲಿ ವರ್ತಕರಾದ ನಾವೇ ಮುಂದಿದ್ದೇವೆ.

ಇಂಗ್ಲೆಂಡಿನ ಕ್ಯಾಂಬರ್ಲಿಯಲ್ಲಿ 1924ರಲ್ಲಿ ನಡೆದ ಸ್ಪರ್ಧೆಯಿಂದ ಬೆಳೆದುಬಂದ ಈ ಕ್ರೀಡೆ ಧೈರ್ಯವನ್ನೂ ದೇಹದಾರ್ಢ್ಯವನ್ನೂ ಬೇಡುತ್ತದೆ, ನಿಜ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿಯನ್ನು ಪೂರ್ಣಗೊಳಿಸಿದ ಮೊದಲ ಭಾರತೀಯರಾದರು. ನಮ್ಮ ಉಡುಪಿಯವರೇ ಆದ ಅರವಿಂದ್ ಕೆ.ಪಿ. 2017 ಮತ್ತು 2018ರಲ್ಲಿ ಗಾಯಗೊಂಡು ಅರ್ಧದಲ್ಲಿ ಹಿಂದೆ ಸರಿದರೂ, 2019ರಲ್ಲಿ ಪೆರು ದೇಶದ ಮರಳುಗಾಡನ್ನು ದಾಟಿ 37ನೆಯವರಾಗಿ ಗುರಿ ಮುಟ್ಟಿದರು. ಇಂತಹ ಹೆಸರುಗಳನ್ನು ಮುಂದಿಟ್ಟೇ ಸಂಘಟಕರು ನಮ್ಮ ಅಂಗಡಿಗಳಿಗೆ ರಸೀದಿ ಪುಸ್ತಕ ಹಿಡಿದು ಬರುತ್ತಾರೆ. ಆದರೆ ಆ ಸಾಧನೆಯ ಹಿಂದೆ ವರ್ಷಗಟ್ಟಲೆಯ ತರಬೇತಿ, ವೃತ್ತಿಪರ ತಂಡ, ಕಾವಲಿಗೆ ನಿಂತ ವೈದ್ಯರು ಇದ್ದರು. ಅಷ್ಟಿದ್ದೂ 2021ರ ಡಕಾರ್‌ನಲ್ಲಿ ಬಿದ್ದ ಸಂತೋಷ್ ತಲೆಗೆ ಪೆಟ್ಟಾಗಿ ದಿನಗಟ್ಟಲೆ ಪ್ರಜ್ಞೆಯಿಲ್ಲದೆ ಆಸ್ಪತ್ರೆಯಲ್ಲಿ ಮಲಗಬೇಕಾಯಿತು. ಸಾಧಕನ ಹೆಸರನ್ನು ಎರವಲು ಪಡೆದು, ಅವನ ರಕ್ಷಣೆಗಿದ್ದ ಏರ್ಪಾಡುಗಳನ್ನು ಮಾತ್ರ ಬಿಟ್ಟುಬಿಡುವುದು ಯಾವ ನ್ಯಾಯ?

“ನಾವು ಕೊಟ್ಟದ್ದು ಬರಿಯ ಜಾಹೀರಾತಿನ ಹಣ, ಓಡಿಸಿದವರು ಅವರು” ಎಂದು ನಮ್ಮಲ್ಲಿ ಕೆಲವರು ಹೇಳುವುದುಂಟು. ಈ ಸಮಾಧಾನಕ್ಕೆ ನಮ್ಮ ಶಾಸ್ತ್ರದಲ್ಲಿ ಎಡೆಯಿಲ್ಲ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಕರ್ಮಾಸ್ರವದ ಬಗೆಗಳನ್ನು ಎಣಿಸುವಾಗ ಸಂರಂಭ, ಸಮಾರಂಭ, ಆರಂಭಗಳೆಂಬ ಮೂರನ್ನು ಮನೋವಾಕ್ಕಾಯಗಳೆಂಬ ಮೂರರಿಂದಲೂ, ಕೃತ, ಕಾರಿತ, ಅನುಮತಗಳೆಂಬ ಮೂರರಿಂದಲೂ, ನಾಲ್ಕು ಕಷಾಯಗಳಿಂದಲೂ ಗುಣಿಸಿ 108 ಎನ್ನುತ್ತದೆ. ತಾನು ಮಾಡಿದ್ದು, ಇತರರಿಂದ ಮಾಡಿಸಿದ್ದು, ಮಾಡಿದವರಿಗೆ ಒಪ್ಪಿಗೆ ಕೊಟ್ಟದ್ದು, ಮೂರೂ ಲೆಕ್ಕಕ್ಕೆ ಬರುತ್ತವೆ. ಲಾಭ ಬಂದಾಗ ಪಾಲುದಾರ, ನಷ್ಟ ಬಂದಾಗ ಅಪರಿಚಿತ ಎಂಬ ಜಮಾಖರ್ಚನ್ನು ಯಾವ ಲೆಕ್ಕಪರಿಶೋಧಕನೂ ಒಪ್ಪುವುದಿಲ್ಲ. ಓಟಗಾರನ ಬೆನ್ನ ಮೇಲೆ ನಮ್ಮ ಅಂಗಡಿಯ ಹೆಸರು ರಾರಾಜಿಸಬೇಕಾದರೆ ಅವನ ಬೆನ್ನುಮೂಳೆಯ ಚಿಂತೆಯೂ ನಮಗಿರಬೇಕು.

ಎಲ್ಲಕ್ಕಿಂತ ಕಳವಳದ ಸಂಗತಿ ಮಕ್ಕಳದು. 2023ರ ಆಗಸ್ಟಿನಲ್ಲಿ ಚೆನ್ನೈ ಬಳಿಯ ಟ್ರ್ಯಾಕಿನಲ್ಲಿ ಬೆಂಗಳೂರಿನ 13 ವರ್ಷದ ಬಾಲಕನೊಬ್ಬ ರಾಷ್ಟ್ರೀಯ ಮಟ್ಟದ ಮೋಟಾರು ಸೈಕಲ್ ಪಂದ್ಯದಲ್ಲಿ ಬಿದ್ದು ಪ್ರಾಣ ಬಿಟ್ಟ. ಅದು ಡಾಂಬರಿನ ಮೇಲಿನ ಪಂದ್ಯ, ಅನುಮತಿ ಪಡೆದದ್ದು. ಅಲ್ಲಿಯೇ ಹೀಗಾದರೆ ಆಂಬುಲೆನ್ಸೂ ಇಲ್ಲದ ಪದವಿನಲ್ಲಿ ಹುಡುಗ ಬಿದ್ದರೆ ಗತಿಯೇನು? ಕಾರ್ಕಳದಿಂದ ಮಣಿಪಾಲದ ದೊಡ್ಡ ಆಸ್ಪತ್ರೆಗೆ ಸುಮಾರು 35 ಕಿಲೋಮೀಟರು ದಾರಿ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು 2000ದಲ್ಲಿಯೇ 16 ವರ್ಷ ತುಂಬದವರು ಇಂತಹ ವಾಹನ ಓಡಿಸಕೂಡದೆಂದು ಸಲಹೆ ನೀಡಿದೆ. ನಮ್ಮ ಮೋಟಾರು ವಾಹನ ಕಾಯಿದೆಯೂ 2019ರ ತಿದ್ದುಪಡಿಯ ನಂತರ, ಬಾಲಕನು ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕನಿಗೆ ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡವೆಂದು ವಿಧಿಸುತ್ತದೆ. ಆದರೆ 18 ವರ್ಷದ ವಯೋಮಿತಿ ಸಾರ್ವಜನಿಕ ಸ್ಥಳಕ್ಕೆ ಹೇಳಿದ್ದು. ಬೇಲಿಯೊಳಗಿನ ಗದ್ದೆಯಲ್ಲಿ ಅದು ಅನ್ವಯಿಸದೆಂದು ನುಣುಚಿಕೊಳ್ಳುವವರಿದ್ದಾರೆ. ಕಾನೂನು ಸುಮ್ಮನಾದಲ್ಲಿ ವಿವೇಕವೂ ಸುಮ್ಮನಾಗಬೇಕೇ?

“ಕಂಬಳವೂ ಅಪಾಯವೇ ಅಲ್ಲವೇ?” ಎಂಬ ಪ್ರಶ್ನೆ ಬರುತ್ತದೆ. ಕಂಬಳವು ನ್ಯಾಯಾಲಯದ ಮೆಟ್ಟಿಲು ಹತ್ತಿ, 2017ರ ರಾಜ್ಯ ತಿದ್ದುಪಡಿ ಕಾಯಿದೆಗೆ ಒಳಪಟ್ಟು, 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಒಪ್ಪಿಗೆ ಪಡೆದದ್ದು ಷರತ್ತುಗಳೊಡನೆ. ಕೋಣಕ್ಕೆ ನೋವಾಗದಂತೆ ಷರತ್ತು ವಿಧಿಸುವ ನಾಡಿನಲ್ಲಿ ಮನುಷ್ಯನ ಮಗುವಿಗೆ ಷರತ್ತು ಬೇಡವೆನ್ನುವುದು ವಿಚಿತ್ರ. “ಇಲ್ಲಿ ಓಡಿಸದಿದ್ದರೆ ಹೆದ್ದಾರಿಯಲ್ಲಿ ಓಡಿಸುತ್ತಾರೆ” ಎಂಬ ಇನ್ನೊಂದು ವಾದದಲ್ಲಿ ತಥ್ಯವಿದೆ, ಒಪ್ಪುತ್ತೇನೆ. ಹಾಗಿದ್ದ ಮೇಲೆ ಹೆದ್ದಾರಿಗಿಂತ ಸುರಕ್ಷಿತವಾದ ಜಾಗವನ್ನೇ ಒದಗಿಸಬೇಕು. ರಕ್ಷಣೆಯಿಲ್ಲದ ಕೋರೆಯ ಅಂಚು ಹೆದ್ದಾರಿಗೆ ಪರ್ಯಾಯವಲ್ಲ.

ಮಣ್ಣಿನ ಮಾತನ್ನೂ ಆಡಬೇಕು. ಬೇಸಗೆಯಲ್ಲಿ ಬೋಳಾಗಿ ಕಾಣುವ ಪದವು ಮಳೆ ಬಿದ್ದೊಡನೆ ಜೀವಮಯವಾಗುತ್ತದೆ. ಬಂಡೆಯ ಹೊಂಡಗಳಲ್ಲಿ ಕಪ್ಪೆ ಮೊಟ್ಟೆಯಿಡುತ್ತದೆ. ಬೆರಳುದ್ದದ ಹೂಗಿಡಗಳು ಕೆಲವೇ ವಾರಗಳಲ್ಲಿ ಅರಳಿ, ಬೀಜ ಕಟ್ಟಿ ಮುಗಿಯುತ್ತವೆ. ಆ ಕೆಸರಿನಲ್ಲಿಯೇ ಸವಾರಿ ಸೊಗಸೆಂದು ನಮ್ಮ ಹುಡುಗರು ಹೋಗುತ್ತಾರೆ. ಪ್ರಯೋಜನವಿಲ್ಲದೆ ನೆಲ ಅಗೆಯುವುದನ್ನೂ ಸಸ್ಯ ಕಡಿಯುವುದನ್ನೂ ಸಮಂತಭದ್ರಾಚಾರ್ಯರು ಶ್ರಾವಕರ ಅನರ್ಥದಂಡಗಳಲ್ಲಿ ಪ್ರಮಾದಚರ್ಯೆ ಎಂದು ಸೇರಿಸಿದ್ದಾರೆ. ಒಂದು ಜಾಗವನ್ನು ಗೊತ್ತುಮಾಡಿ ಅಲ್ಲಿ ಮಾತ್ರ ಓಡಿಸಿದರೆ ಹಿಂಸೆ ಇಲ್ಲವಾಗದು, ಆದರೆ ಎಲ್ಲೆ ಮೀರದು.

ಆದುದರಿಂದ ವರ್ತಕ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟು: ಪಂದ್ಯಕ್ಕೆ ಹಣ ಬೇಡಿ ಬಂದವರನ್ನು ನಾಲ್ಕು ಪ್ರಶ್ನೆ ಕೇಳಿರಿ. ಭಾರತೀಯ ಮೋಟಾರು ಕ್ರೀಡಾ ಕ್ಲಬ್ಬುಗಳ ಒಕ್ಕೂಟದ ಅನುಮತಿ ಇದೆಯೇ? ಅಂಗಣದ ಬದಿಯಲ್ಲಿ ವೈದ್ಯರೂ ಆಂಬುಲೆನ್ಸೂ ಇರುತ್ತವೆಯೇ? ಶಿರಸ್ತ್ರಾಣ, ಎದೆಗವಚ, ಮೊಣಕಾಲು ರಕ್ಷೆಗಳಿಲ್ಲದವನನ್ನು ಹಿಂದಕ್ಕೆ ಕಳುಹಿಸುವ ಧೈರ್ಯ ಸಂಘಟಕರಿಗಿದೆಯೇ? 16 ವರ್ಷ ತುಂಬದ ಮಕ್ಕಳನ್ನು ಹೊರಗಿಟ್ಟಿದ್ದಾರೆಯೇ? ಉತ್ತರಗಳನ್ನು ಬರೆಹದಲ್ಲಿ ಪಡೆಯಿರಿ. ಒಂದಕ್ಕೆ ಇಲ್ಲವೆಂದರೂ ಹಣ ಕೊಡಬೇಡಿ. ಬಹುಮಾನದ ಮೊತ್ತವನ್ನು ಅರ್ಧಕ್ಕಿಳಿಸಿ ಉಳಿದುದನ್ನು ಆಂಬುಲೆನ್ಸಿಗೆ ಕೊಡುತ್ತೇವೆನ್ನಿ. ಹಣದ ದಾರಿ ಮುಚ್ಚಿದಾಗ ಸಂಘಟಕರು ವ್ಯವಸ್ಥೆಯ ದಾರಿಗೆ ಬರುತ್ತಾರೆ. ಇದು ವ್ಯಾಪಾರ ಬಲ್ಲ ನಮಗೆ ಯಾರೂ ಹೇಳಿಕೊಡಬೇಕಾದ ಪಾಠವಲ್ಲ.