ಗುಡ್ಡಕ್ಕೆ ನಿಮ್ಮ ರಜೆ ಸ್ಯಾಂಕ್ಷನ್ ಆಗಿದ್ದು ಗೊತ್ತಿಲ್ಲ

ಮೂರು ವರ್ಷದಿಂದ ಮುಂದಕ್ಕೆ ಹೋಗ್ತಾನೇ ಇದ್ದ ನಮ್ಮ ಟೀಮಿನ ಆಗುಂಬೆ ಟ್ರಿಪ್ಪಿಗೆ ಅಂತೂ ಇಂತೂ ದಿನ ಕೂಡಿ ಬಂದಿದೆ. ಒಂದು ಸಲ ರಿಲೀಸು ಅಡ್ಡ ಬಂತು, ಇನ್ನೊಂದು ಸಲ ಒಬ್ಬನ ಮದುವೆ, ಮತ್ತೊಂದು ಸಲ ಮ್ಯಾನೇಜರಿಗೇ ರಜೆ ಸಿಗಲಿಲ್ಲ. ಈಗ ಹದಿನಾಲ್ಕು ಜನರ ರಜೆ ಸ್ಯಾಂಕ್ಷನ್ ಆಗಿದೆ, ಟಿಟಿ ಬುಕ್ ಆಗಿದೆ, ಹೋಮ್‌ಸ್ಟೇಗೆ ಅಡ್ವಾನ್ಸೂ ಹೋಗಿದೆ. ಹೊರಡೋದು ಜುಲೈ ಮೂರನೇ ವಾರ. ಮಲೆನಾಡಿನ ಮಳೆ ನೋಡೋಕೆ ಅದೇ ಸರಿಯಾದ ಟೈಮು ಅಂತ ಎಲ್ಲರ ಒಮ್ಮತ. ನಾನು ಬರಲ್ಲ ಅಂದೆ. "ಭಟ್ಕಳದ ಕಡೆಯವನಾಗಿ ಮಳೆಗೆ ಹೆದರ್ತೀಯಲ್ಲೋ ಮಾರಾಯಾ!" ಅಂತ ನಕ್ಕರು.

ಹೌದು, ಹೆದರ್ತೀನಿ. ಮುಟ್ಟಳ್ಳಿಯವನಾಗಿರೋದಕ್ಕೇ ಹೆದರ್ತೀನಿ. ಯಾಕೆ ಅನ್ನೋದನ್ನ ವಾಟ್ಸಾಪ್ ಗ್ರೂಪಿನಲ್ಲಿ ಹೇಳಿ ಮುಗಿಸೋಕಾಗಲ್ಲ, ಅದಕ್ಕೇ ಇಲ್ಲಿ ಬರೀತಿದ್ದೀನಿ. ಬ್ಲಾಗಿಗ ಮಿತ್ರರೇ, ಈ ಜಗಳದಲ್ಲಿ ನಿಮ್ಮದೂ ಒಂದು ಪಾಲಿದೆ. ಅದು ಆಮೇಲೆ.

ಮೊದಲು ಆಗುಂಬೆ ವಿಷಯ. ಹೆಚ್ಚಿನವರಿಗೆ ಆಗುಂಬೆ ಅಂದ್ರೆ ಎರಡೇ: ಶಂಕರ್‌ನಾಗ್ 'ಮಾಲ್ಗುಡಿ ಡೇಸ್' ತೆಗೆದ ಊರು, ಮತ್ತೆ ಅಲ್ಲಿಯ ಸೂರ್ಯಾಸ್ತ. ಜುಲೈಯಲ್ಲಿ ಆ ಊರಿಗೆ ಹೋಗಿ ಸೂರ್ಯನ್ನ ಹುಡುಕುವವರಿಗೆ ನನ್ನ ಶುಭಾಶಯಗಳು :-) ವರ್ಷಕ್ಕೆ 7 ಸಾವಿರ ಮಿ.ಮೀ. ಆಸುಪಾಸು ಮಳೆ ಸುರಿಯೋ ಊರದು, ಅದರಲ್ಲಿ ಬಹುಪಾಲು ಸುರಿಯೋದು ಈ ಮೂರ್ನಾಲ್ಕು ತಿಂಗಳಲ್ಲೇ. ಸೂರ್ಯಾಸ್ತ ಇರಲಿ, ಮುಂದಿನ ತಿರುವೇ ಮಂಜಿನಲ್ಲಿ ಕಾಣಲ್ಲ. ಸೋಮೇಶ್ವರದಿಂದ ಹತ್ತುವ ಆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಮಳೆಗಾಲ ಬಂದ್ರೆ ಭಾರಿ ವಾಹನಗಳಿಗೆ ನಿಷೇಧ ಹಾಕೋದು ಅಲ್ಲಿ ಮಾಮೂಲಿ. 2022ರ ಜುಲೈಯಲ್ಲಿ ಗುಡ್ಡ ಜರಿದು ರಸ್ತೆಯೇ ಬಂದ್ ಆಗಿತ್ತು.

ಆಗುಂಬೆಗೂ ಮುಟ್ಟಳ್ಳಿಗೂ ಏನು ಸಂಬಂಧ ಅಂತೀರಾ? ಎರಡೂ ಒಂದೇ ಘಟ್ಟಸಾಲಿನವು. ಅದು ಮೇಲೆ, ನಾವು ಕೆಳಗೆ. ಎರಡೂ ಕಡೆ ಸುರಿಯೋದು ಅದೇ ಅರಬ್ಬೀ ಸಮುದ್ರದ ಮೋಡ. 2022ರ ಆಗಸ್ಟ್ 2ರಂದು ಭಟ್ಕಳದಲ್ಲಿ ಒಂದೇ ದಿನಕ್ಕೆ 500 ಮಿ.ಮೀ.ಗಿಂತ ಹೆಚ್ಚು ಮಳೆ ಬಿತ್ತು. ಬೆಂಗಳೂರಿನ ಲೆಕ್ಕದಲ್ಲಿ ಹೇಳೋದಾದ್ರೆ, ಇಡೀ ವರ್ಷ ಅಲ್ಲಿ ಬೀಳುವ ಮಳೆಯ ಅರ್ಧಕ್ಕಿಂತ ಹೆಚ್ಚು, ಒಂದೇ ದಿನಕ್ಕೆ. ಮುಟ್ಟಳ್ಳಿಯಲ್ಲಿ ಗುಡ್ಡ ಮನೆ ಮೇಲೆ ಬಂತು. ಒಂದೇ ಕುಟುಂಬದ ನಾಲ್ಕು ಜನ ಮಣ್ಣಿನಡಿ ಹೋದರು. ಮರುದಿನ ಮುಖ್ಯಮಂತ್ರಿಗಳು ಬಂದರು, ಟೀವಿಯವರು ಬಂದರು, ಒಂದು ವಾರದೊಳಗೆ ಊರಿನ ಹೆಸರು ಎಲ್ಲರಿಗೂ ಮರೆತೂ ಹೋಯ್ತು.

ಅದೊಂದೇ ಅಲ್ಲ. 2009ರ ಅಕ್ಟೋಬರ್ 2ರಂದು ಕಾರವಾರದ ಕಡವಾಡದಲ್ಲಿ ಗುಡ್ಡ ಕುಸಿದು 19 ಜನ ಸತ್ತರು. 2017ರಲ್ಲಿ ಕುಮಟಾದ ತಂಡ್ರಕುಳಿಯಲ್ಲಿ ಗುಡ್ಡ ಕುಸಿದು ಮಕ್ಕಳು ಸತ್ತರು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಚತುಷ್ಪಥ ಹೆದ್ದಾರಿಗಾಗಿ ಬುಡ ಕತ್ತರಿಸಿದ್ದ ಗುಡ್ಡ ರಸ್ತೆ ದಾಟಿ ಗಂಗಾವಳಿ ನದಿಗೇ ಇಳೀತು. ಗುಡ್ಡದ ಬುಡದಲ್ಲಿದ್ದದ್ದು ಒಂದು ಚಾ ಅಂಗಡಿ. "ಜಡಿಮಳೆ, ಕೈಯಲ್ಲಿ ಬಿಸಿ ಬಿಸಿ ಚಾ" ಅಂತ ಸ್ಟೇಟಸ್ ಹಾಕ್ತೀರಲ್ಲ, ಅಂಥದ್ದೇ ಅಂಗಡಿ. ಅದನ್ನ ನಡೆಸ್ತಿದ್ದ ಸಂಸಾರವೇ ಹೋಯ್ತು. ನದಿ ಉಕ್ಕಿ ಆಚೆ ದಡದ ಉಳುವರೆಯ ಮನೆಗಳೂ ಹೋದವು. ನದಿಗೆ ಬಿದ್ದ ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ.

ಗುಡ್ಡ ಯಾಕೆ ಕುಸಿಯುತ್ತೆ ಅನ್ನೋದು ದೊಡ್ಡ ರಹಸ್ಯ ಏನಲ್ಲ. ನಮ್ಮ ಕಡೆ ಎಷ್ಟೋ ಗುಡ್ಡಗಳಲ್ಲಿ ಮೇಲೆ ಚಿರೆಕಲ್ಲಿನ ಪದರ, ಅದರ ಕೆಳಗೆ ಶೇಡಿ ಮಣ್ಣು. ವಾರಗಟ್ಟಲೆ ಮಳೆ ಹೊಯ್ದ್ರೆ ನೀರು ಬಿರುಕುಗಳಿಂದ ಇಳಿದು ಆ ಶೇಡಿ ಮಣ್ಣನ್ನ ಗಂಜಿ ಮಾಡುತ್ತೆ. ಮೇಲಿನ ಭಾರ ಹಾಗೇ ಇರುತ್ತೆ, ಕೆಳಗಿನ ಹಿಡಿತ ಹೋಗುತ್ತೆ. ಬುಡವನ್ನ ಯಾರೋ ಮೊದಲೇ ನೆಟ್ಟಗೆ ಕಡಿದಿಟ್ಟಿದ್ರೆ ಕೇಳೋದೇ ಬೇಡ.

"ಮುಟ್ಟಳ್ಳಿಯ ಗುಡ್ಡವನ್ನ ನಾವೇನು ಕೆಡವಿದ್ವಾ?" ಅಂತ ನೀವು ಕೇಳಬಹುದು. ಇಲ್ಲ, ಟೂರಿಸ್ಟುಗಳು ಕೆಡವಲಿಲ್ಲ. ನನ್ನ ತಕರಾರು ಬೇರೆ. ಅಂಥಾ ಮಳೆಯಲ್ಲಿ ಪೊಲೀಸು, ಅಗ್ನಿಶಾಮಕ ದಳ, ಜೇಸಿಬಿ, ಹಗ್ಗ ಹಿಡಿದು ಹಳ್ಳಕ್ಕಿಳಿಯುವ ಊರ ಹುಡುಗರು, ಇವೆಲ್ಲ ಇರೋದೇ ಎಣಿಸಿದಷ್ಟು. ಅವರನ್ನ ನಂಬಿಕೊಂಡವರು ಆ ಗುಡ್ಡದ ಬುಡದಲ್ಲೇ ಇದ್ದಾರೆ. 2023ರ ಜುಲೈಯಲ್ಲಿ ಕೊಲ್ಲೂರಿನ ಹತ್ತಿರ ಅರಿಶಿನಗುಂಡಿ ಅಬ್ಬಿಯಲ್ಲಿ ಬಂಡೆ ಮೇಲೆ ನಿಂತು ವಿಡಿಯೋ ಮಾಡಿಸ್ಕೊಳ್ತಿದ್ದ ಹುಡುಗನೊಬ್ಬ ಕಾಲು ಜಾರಿ ಬಿದ್ದ. ಒಂದು ವಾರ ಆ ಮಳೆಯಲ್ಲಿ ಹುಡುಕಿದರು. ಸತ್ತವನ ಬಗ್ಗೆ ಕೆಟ್ಟ ಮಾತು ನನಗೆ ಬೇಡ. ಆದ್ರೆ ಆ ಒಂದು ವಾರ ಜೀವ ಪಣಕ್ಕಿಟ್ಟು ನೀರಿಗಿಳಿದವರ ಲೆಕ್ಕ ಯಾವ ಟ್ರಿಪ್ಪಿನ ಬಜೆಟ್ಟಿನಲ್ಲೂ ಇರಲ್ಲ.

ರಸ್ತೆಯದ್ದೂ ಅದೇ ಕಥೆ. ನಿಮಗೆ ಆಗುಂಬೆ ಘಾಟಿ ಅಂದ್ರೆ ಟಿಟಿ ನಿಲ್ಲಿಸಿ ಫೋಟೋ ಹೊಡೆಯೋ ಜಾಗ. ಆಗುಂಬೆ, ತೀರ್ಥಹಳ್ಳಿ ಕಡೆಯವರಿಗೆ ಅದು ಮಣಿಪಾಲದ ಆಸ್ಪತ್ರೆಗೆ ಇಳಿಯುವ ದಾರಿ. ತಿರುವಿನಲ್ಲಿ ನಾಲ್ಕು ಗಾಡಿ ಅಡ್ಡಾದಿಡ್ಡಿ ನಿಂತ್ರೆ ಹಿಂದೆ ಸಿಕ್ಕಿಹಾಕಿಕೊಳ್ಳೋ ಆಂಬುಲೆನ್ಸಿನಲ್ಲಿ ಮಲಗಿದವರಿಗೆ ಮಂಜು ಕಾಣಲ್ಲ ಸ್ವಾಮೀ.

ಸರಿ, ಈಗ ಅಸಲು ವಿಷಯ. ಒಬ್ಬೊಬ್ಬರನ್ನೇ ಕೇಳಿ ನೋಡಿ, ರೆಡ್ ಅಲರ್ಟ್ ಇರುವಾಗ ಘಾಟಿ ಹತ್ತುತ್ತೀರಾ ಅಂತ. ಇಲ್ಲ ಅಂತಾರೆ. ಹದಿನಾಲ್ಕು ಜನ ಸೇರಿದ್ರೆ ಹತ್ತುತ್ತಾರೆ. ಯಾಕಂದ್ರೆ ಮೂರು ವರ್ಷ ಕಾದಿದ್ದಾರೆ. ಅಡ್ವಾನ್ಸ್ ವಾಪಸ್ ಬರಲ್ಲ, ರಜೆ ಮತ್ತೆ ಸಿಗಲ್ಲ. "ನನ್ನಿಂದ ಟ್ರಿಪ್ಪು ಹಾಳಾಯ್ತು" ಅನ್ನಿಸಿಕೊಳ್ಳೋಕೆ ಯಾರಿಗೂ ಇಷ್ಟ ಇಲ್ಲ. 24 ಗಂಟೆಯಲ್ಲಿ 20 ಸೆಂ.ಮೀ. ದಾಟುವ ಮಳೆಗೆ ಹವಾಮಾನ ಇಲಾಖೆ ಕೊಡುವ ಎಚ್ಚರಿಕೆ, ಗ್ರೂಪಿನಲ್ಲಿ ಒಂದು ನಗುವ ಇಮೋಜಿ ಆಗಿ ಮುಗಿಯುತ್ತೆ. ಎಷ್ಟು ಹೆಚ್ಚು ಕಾದಿರ್ತೀವೋ ಅಷ್ಟು ಕ್ಯಾನ್ಸಲ್ ಮಾಡೋದು ಕಷ್ಟ. ಬಹುದಿನದ ಕನಸಿನ ಪ್ರವಾಸದ ಅಪಾಯ ಇರೋದೇ ಅಲ್ಲಿ.

ಆಫೀಸಿನಲ್ಲಿ ಇದೇ ಜನ ರೋಲ್‌ಬ್ಯಾಕ್ ಪ್ಲಾನ್ ಇಲ್ಲದೆ ಒಂದು ಸಣ್ಣ ರಿಲೀಸನ್ನೂ ಬಿಡಲ್ಲ. ಶುಕ್ರವಾರ ಸಂಜೆ ಪ್ರೊಡಕ್ಷನ್ ಮುಟ್ಟೋಕೆ ಹೆದರುವವರು ಶುಕ್ರವಾರ ರಾತ್ರಿ ಹತ್ತೂವರೆಗೆ ಪುಷ್ಯ ಮಳೆಯಲ್ಲಿ ಘಾಟಿಗೆ ಹೊರಡ್ತಾರೆ. ಅದಕ್ಕೆ ರೋಲ್‌ಬ್ಯಾಕ್ ಎಲ್ಲಿ?

"ಏನೂ ಆಗಲ್ಲ, ಹೋಮ್‌ಸ್ಟೇ ಒಳಗೇ ಇರ್ತೀವಿ" ಅನ್ನೋರಿಗೆ ವಯನಾಡು ನೆನಪಿಸ್ತೀನಿ. 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲ ಊರುಗಳೇ ಕೊಚ್ಚಿ ಹೋದಾಗ 200ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಪ್ರವಾಸಕ್ಕೆ ಬಂದು ತಂಗಿದ್ದವರೂ ಇದ್ದರು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜರಿದಾಗ ಜೋಡುಪಾಲದ ಹತ್ತಿರ ಮಡಿಕೇರಿ–ಸಂಪಾಜೆ ರಸ್ತೆಯೇ ಕಡಿದುಹೋಗಿತ್ತು.

ಒಂದು ವಾದವನ್ನ ಮಾತ್ರ ನಾನು ತಳ್ಳಿಹಾಕಲ್ಲ: "ನಾವು ಬರದಿದ್ರೆ ಅಲ್ಲಿಯವರ ಹೊಟ್ಟೆಪಾಡು?" ನಿಜ, ಹೋಮ್‌ಸ್ಟೇಯವರಿಗೂ ಜೀಪಿನವರಿಗೂ ದುಡ್ಡು ಬೇಕು. ಹಾಗಿದ್ರೆ ನವೆಂಬರಿನಲ್ಲಿ ಹೋಗಿ, ಜನವರಿಯಲ್ಲಿ ಹೋಗಿ. ಆಗ ಸೂರ್ಯಾಸ್ತವೂ ಕಾಣುತ್ತೆ. ಎರಡು ದಿನ ಹೆಚ್ಚಿಗೆ ಉಳೀರಿ, ಊಟಕ್ಕೆ ಕೇಳಿದಷ್ಟು ಕೊಡಿ, ಚೌಕಾಸಿ ಮಾಡಬೇಡಿ. ಜುಲೈಯ ಒಂದು ವೀಕೆಂಡಿನ ಬಾಡಿಗೆಯಿಂದಲೇ ಅವರ ವರ್ಷ ನಡೀಬೇಕು ಅನ್ನೋದು ಅವರ ಮೇಲಿನ ಕಾಳಜಿ ಅಲ್ಲ, ನಿಮ್ಮ ಟ್ರಿಪ್ಪಿಗೆ ಸಿಕ್ಕ ನೆಪ.

ಈಗ ನಿಮ್ಮ ಪಾಲಿಗೆ ಬರೋಣ ಬ್ಲಾಗಿಗರೇ. ಜೂನ್ ಬಂತು ಅಂದ್ರೆ ಎಲ್ಲರ ಪುಟದಲ್ಲೂ ಮಳೆ ಶುರು. ಹಂಡೆ ಒಲೆ, ಕಂಬಳಿಕೊಪ್ಪೆ, ಹಲಸಿನ ಹಪ್ಪಳ, ಅಜ್ಜನ ಮನೆ ಜಗಲಿ. ಚೆನ್ನಾಗಿ ಬರೀತೀರಿ, ನಾನೂ ಓದ್ತೀನಿ. ಆದ್ರೆ ಆ ಮಳೆಯಲ್ಲಿ ನಾಲ್ಕು ದಿನ ಕರೆಂಟಿಲ್ಲದ ಮನೆ ಯಾಕಿಲ್ಲ? ಕಾಲುಸಂಕ ಯಾಕಿಲ್ಲ? ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದ ಅದೇ ತಿಂಗಳು, ಪಕ್ಕದ ಬೈಂದೂರಿನ ಕಾಲ್ತೋಡಿನಲ್ಲಿ ಶಾಲೆಯಿಂದ ಬರ್ತಿದ್ದ ಎರಡನೇ ಕ್ಲಾಸಿನ ಹುಡುಗಿ ಕಾಲುಸಂಕದಿಂದ ಹಳ್ಳಕ್ಕೆ ಬಿದ್ದು ತೀರಿಕೊಂಡಳು. ಅದೂ ಮಲೆನಾಡು–ಕರಾವಳಿಯ ಮಳೆಯೇ ತಾನೆ? ಹಪ್ಪಳದ ಮಳೆ ಓದಿದವರು ಟಿಟಿ ಹತ್ತುತ್ತಾರೆ. ಕಾಲುಸಂಕದ ಮಳೆಯನ್ನೂ ಓದಿದ್ರೆ ಹತ್ತುವ ಮೊದಲು ಒಂದು ಸಲ ಯೋಚಿಸ್ತಾರೆ ಅನ್ನೋದು ನನ್ನ ನಂಬಿಕೆ.

ಕೇಳ್ತಿರೋದು ಇಷ್ಟೇ. ಮಳೆಗಾಲದಲ್ಲಿ ಘಟ್ಟಕ್ಕೆ ಗುಂಪು ಕಟ್ಕೊಂಡು ಹೋಗೋ ಪ್ಲಾನೇ ಬೇಡ. ಹೋಗಲೇಬೇಕು ಅನ್ನೋರು ಹೊರಡುವ ಹಿಂದಿನ ದಿನ ಯಾರೊಬ್ಬರು ಬೇಡ ಅಂದ್ರೂ ನಿಲ್ಲಿಸ್ತೀವಿ, ಅಡ್ವಾನ್ಸ್ ಹೋದ್ರೆ ಹೋಯ್ತು ಅಂತ ಮೊದಲೇ ಮಾತಾಡ್ಕೊಳ್ಳಿ. ಅಷ್ಟು ಮಾತು ಕೊಡೋಕಾಗದಿದ್ರೆ ಆ ಟ್ರಿಪ್ಪು ಹಾಕಲೇಬೇಡಿ. ಬರೆಯುವವರು ಈ ಸಲದ ಮಳೆ ಲೇಖನದಲ್ಲಿ ಜಗಲಿಯಿಂದ ಎದ್ದು ಒಂದು ಸಲ ಮನೆ ಹಿಂದಿನ ದರೆಯನ್ನೂ ನೋಡಿ ಬನ್ನಿ. ರಾತ್ರಿ ಮಳೆ ಜೋರಾದಾಗ ಅಲ್ಲಿಯವರು ಏಳೋದು ಅದನ್ನ ನೋಡೋಕೇ.

ನೀವೇನಂತೀರಿ?